ಗ್ರಹಣ: ಕಾಣಬೇಕಾದ ನೋಟ, ಕಾಯಬೇಕಾದ ಕಣ್ಣು

1980ರ ಫೆಬ್ರವರಿ 16, ಶನಿವಾರ, ಮಾಘ ಬಹುಳ ಅಮಾವಾಸ್ಯೆ. ಅಂದು ಮಧ್ಯಾಹ್ನ ಮೂರೂವರೆ ಗಂಟೆ ದಾಟಿದ ಮೇಲೆ ಚಂದ್ರನ ನೆರಳು ಅರಬ್ಬೀ ಸಮುದ್ರದಿಂದ ಕಾರವಾರ, ಅಂಕೋಲೆಗಳ ಕರಾವಳಿಯನ್ನೇರಿ, ಘಟ್ಟವನ್ನು ದಾಟಿ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಗಳನ್ನು ಕೆಲವೇ ನಿಮಿಷಗಳಲ್ಲಿ ಹಾದು ಆಂಧ್ರದ ಕಡೆಗೆ ಸಾಗಿತು. ಆ ಪಟ್ಟಿಯೊಳಗಿನ ಊರುಗಳಲ್ಲಿ ಎರಡೂವರೆ ನಿಮಿಷದ ಆಸುಪಾಸು ಹಗಲೇ ಇರುಳಾಯಿತು. ಭೂಮಿಯ ಮೇಲಿನ ಯಾವುದೇ ಒಂದು ಸ್ಥಳಕ್ಕೆ ಖಗ್ರಾಸ ಸೂರ್ಯಗ್ರಹಣದ ಭಾಗ್ಯ ಒದಗುವುದು ಸರಾಸರಿ ಸುಮಾರು 375 ವರ್ಷಗಳಿಗೊಮ್ಮೆ ಎಂದು ಖಗೋಲಜ್ಞರು ಲೆಕ್ಕ ಹಾಕಿದ್ದಾರೆ. ಹಾಗಿದ್ದರೂ ಬಾಗಿಲು ತಟ್ಟಿ ಬಂದ ಈ ಅತಿಥಿಯನ್ನು ಕನ್ನಡ ನಾಡಿನ ಬಹುಪಾಲು ಜನರು ಎದುರುಗೊಂಡದ್ದು ಬಾಗಿಲು ಮುಚ್ಚಿಕೊಂಡು.

ಊರುಗಳ ಮಾತು ಹಾಗಿರಲಿ. ಕನ್ನಡಿಗರು ನೌಕರಿಯನ್ನರಸಿ ಬಂದು ನೆಲೆಸಿದ ಮಹಾನಗರಗಳಲ್ಲಿಯೂ ಅಂದು ಬೀದಿಗಳು ಬಿಕೋ ಎನ್ನುತ್ತಿದ್ದವು. ದಿಲ್ಲಿಯಲ್ಲಿ ಜನರು ಮನೆಯಿಂದ ಹೊರಬೀಳದಿರಲೆಂದು ದೂರದರ್ಶನವು ಆ ಹೊತ್ತಿಗೆ ಜನಪ್ರಿಯ ಹಿಂದಿ ಹಾಸ್ಯಚಿತ್ರವೊಂದನ್ನು ಬಿತ್ತರಿಸಿತೆಂದು ಇಂದಿಗೂ ನೆನೆಯುವವರಿದ್ದಾರೆ. ಕಣ್ಣಿನ ಕ್ಷೇಮಕ್ಕಾಗಿ ಮಾಡಿದ ಉಪಾಯವೆಂಬುದರಲ್ಲಿ ಸಂದೇಹವಿಲ್ಲ, ಉದ್ದೇಶ ಒಳ್ಳೆಯದೇ. ಆದರೆ ನೋಡುವ ಬಗೆಯನ್ನು ಕಲಿಸುವುದಕ್ಕಿಂತ ನೋಡದಂತೆ ಮಾಡುವುದು ಸುಲಭವೆಂದು ತೀರ್ಮಾನಿಸಿದಂತಾಯಿತು. ಸಿನಿಮಾ ಮತ್ತೆ ಹತ್ತು ಸಲ ಬಂದಿತು. ಆ ಮಧ್ಯಾಹ್ನ ಮತ್ತೆ ಬರಲಿಲ್ಲ.

ಒಳಗೆ ಕುಳಿತವರು ಕಳೆದುಕೊಂಡದ್ದಾದರೂ ಏನು? ಖಗ್ರಾಸವನ್ನು ಬಯಲಿನಲ್ಲಿ ನಿಂತು ಕಂಡವರ ವರ್ಣನೆಗಳು ದೇಶ ಯಾವುದಾದರೂ, ಕಾಲ ಯಾವುದಾದರೂ, ಆಶ್ಚರ್ಯಕರವಾಗಿ ಒಂದನ್ನೊಂದು ಹೋಲುತ್ತವೆ. ಮೊದಲಿಗೆ ಬಿಸಿಲಿನ ಬಣ್ಣವೇ ಬದಲಾಗುತ್ತದೆ. ಸಂಜೆಯ ಹೊಂಬಣ್ಣವಲ್ಲ, ಸೀಸದಂತಹ ಮಂಕು. ನೆರಳುಗಳ ಅಂಚು ಚೂಪಾಗುತ್ತದೆ. ಗಾಳಿ ತಣ್ಣಗಾಗುತ್ತದೆ. ಹಕ್ಕಿಗಳು ಗೂಡಿನ ದಾರಿ ಹಿಡಿಯುತ್ತವೆ, ಮಿಡತೆ ಜೀರುಂಡೆಗಳು ರಾತ್ರಿಯ ರಾಗವನ್ನು ಆರಂಭಿಸುತ್ತವೆ. 1991ರ ಗ್ರಹಣದಲ್ಲಿ ಮೆಕ್ಸಿಕೋ ದೇಶದ ಒಂದು ಜಾತಿಯ ಜೇಡಗಳು ಕತ್ತಲಾಯಿತೆಂದು ಬಗೆದು ತಾವು ಹೆಣೆದ ಬಲೆಯನ್ನು ತಾವೇ ಬಿಚ್ಚತೊಡಗಿದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ದೀಪದ ಬೆಳಕು ಬಿಟ್ಟ ಬಲೆಗಳ ಜೇಡಗಳು ಮಾತ್ರ ಬಹುಪಾಲು ಸುಮ್ಮನಿದ್ದವಂತೆ! ಕೊನೆಯ ಕ್ಷಣದಲ್ಲಿ ಸೂರ್ಯನ ಒಂದೇ ಒಂದು ಕಿಡಿ ಉಳಿದು ವಜ್ರದುಂಗುರದಂತೆ ಹೊಳೆದು ಆರುತ್ತದೆ. ಆಗ ಕಪ್ಪು ಬಿಂಬದ ಸುತ್ತಲೂ, ಬೇರಾವ ದಿನವೂ ಬರಿಗಣ್ಣಿಗೆ ಕಾಣದ ಕರೋನಾ ಎಂಬ ಪ್ರಭಾಮಂಡಲವು ಮುತ್ತಿನ ಬಣ್ಣದಲ್ಲಿ ಅರಳುತ್ತದೆ. ದಿಗಂತದ ಉದ್ದಕ್ಕೂ, ನಾಲ್ಕು ದಿಕ್ಕಿನಲ್ಲಿಯೂ, ಸಂಜೆಗೆಂಪು. ಇಂತಹುದನ್ನು ತೆರೆಯ ಮೇಲೆ ನೋಡುವುದಕ್ಕೂ ಅದರ ನೆರಳಿನೊಳಗೆ ನಿಲ್ಲುವುದಕ್ಕೂ ಇರುವ ಅಂತರವು ಊಟದ ಚಿತ್ರಕ್ಕೂ ಊಟಕ್ಕೂ ಇರುವ ಅಂತರವೇ.

ಇದೇ ನಾಡಿಗೆ ಈ ನೋಟವನ್ನರಸಿ ಪರದೇಶದವರು ಬಂದ ಚರಿತ್ರೆಯೂ ಉಂಟು. 1868ರ ಆಗಸ್ಟ್ 18ರ ಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ವೀಕ್ಷಿಸಿದನು. ಪ್ರಸಿದ್ಧ ಖಗೋಲಜ್ಞರ ವಂಶದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕವನ್ನು ಹೊತ್ತು ಬಂದದ್ದು ಜಮಖಂಡಿಗೆ. ಅದೇ ವರ್ಷದ ವೀಕ್ಷಣೆಗಳಲ್ಲಿ ಸೂರ್ಯನ ಬೆಳಕಿನ ಹಳದಿ ರೇಖೆಯೊಂದು ವಿಜ್ಞಾನಿಗಳ ಗಮನ ಸೆಳೆಯಿತು. ಆ ರೇಖೆಗೆ ಕಾರಣವಾದ ಹೀಲಿಯಂ ಭೂಮಿಯ ಮೇಲಿನ ಪ್ರಯೋಗಶಾಲೆಯಲ್ಲಿ ಕೈಗೆ ಸಿಕ್ಕಿದ್ದು 1895ರಲ್ಲಿ. 1871ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಕಾಸರಗೋಡಿನ ಬಳಿಯ ಬೇಕಲ ಕೋಟೆಯಿಂದ ಗ್ರಹಣ ಕಂಡನು. 1898ರಲ್ಲಿ ಪುಣೆಯ ವಿಜ್ಞಾನ ಕಾಲೇಜಿನ ಪ್ರಾಧ್ಯಾಪಕ ನೇಗಂವಾಲಾ ಅವರು ಮಹಾರಾಷ್ಟ್ರದ ಜೇವೂರಿನಲ್ಲಿ ದೂರದರ್ಶಕಗಳನ್ನು ಹೂಡಿದರು. 1980ರಲ್ಲಂತೂ ಬೆಂಗಳೂರಿನ ಖಭೌತ ವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಜಪಾಲ್-ರಂಗಾಪುರ ವೀಕ್ಷಣಾಲಯವು ನೆರಳಿನ ಹಾದಿಯಲ್ಲಿಯೇ ಇದ್ದಿತು. ಹಡಗೇರಿ ಬಂದವರು ಕಂಡ ಬಗೆಯ ನೋಟವನ್ನು ಕದ ತೆರೆಯದೆ ಬಿಟ್ಟವರ ಬಗ್ಗೆ ಮರುಕ ಹುಟ್ಟಿದರೆ ಅದು ತಪ್ಪಲ್ಲ.

ಸಂಪ್ರದಾಯವನ್ನು ಹಳಿದರೆ ವಿಚಾರವಂತಿಕೆಯಾಯಿತೆಂದು ಭಾವಿಸುವವರೂ ಇದ್ದಾರೆ. ಅದೂ ಅರ್ಧ ಸತ್ಯ. ಗ್ರಹಣವೆಂದರೆ ನೆರಳಿನ ಆಟವೆಂದು 499ರ ಸುಮಾರಿನಲ್ಲಿಯೇ ಆರ್ಯಭಟನು ಬರೆದಿಟ್ಟನು. ಸ್ಪರ್ಶ, ಮಧ್ಯ, ಮೋಕ್ಷಗಳ ಕಾಲವನ್ನು ಪಂಚಾಂಗವು ಗಳಿಗೆ ವಿಗಳಿಗೆಗಳಲ್ಲಿ ಮುಂಚಿತವಾಗಿಯೇ ಹೇಳುತ್ತದೆ. ಲೆಕ್ಕಕ್ಕೆ ಸಿಕ್ಕುವ ಸಂಗತಿಗೆ ಹೆದರುವುದೇಕೆ? ಅಷ್ಟೇ ಅಲ್ಲ, ಹಿಂದಿನವರು ಗ್ರಹಣಸ್ನಾನಕ್ಕೆಂದು ಹೊಳೆಗೆ, ಕಡಲಿಗೆ ಹೋಗಿ ತೆರೆದ ಆಕಾಶದ ಕೆಳಗೆ ನಿಲ್ಲುತ್ತಿದ್ದರು. ಗೋಕರ್ಣದ ಮರಳಿನ ಮೇಲೆ ಜಪಕ್ಕೆ ನಿಂತವನು ಬಯಲಿನಲ್ಲಿದ್ದನು. ನಾಲ್ಕನೆಯ ಮಹಡಿಯ ಫ್ಲಾಟಿನಲ್ಲಿ ಪರದೆ ಎಳೆದುಕೊಂಡು ದರ್ಭೆಯನ್ನು ಉಪ್ಪಿನಕಾಯಿ ಜಾಡಿಯ ಮೇಲಿಟ್ಟವನು ಬಯಲಿನಲ್ಲಿಲ್ಲ. ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುವ ಅಜ್ಜಿಯನ್ನು ನೋಡಿ ನಗುವ ಮೊಮ್ಮಗನು, ಒನಕೆಯು ಉಳಿದ ದಿನಗಳಲ್ಲಿಯೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದ್ದರೆ ಆ ನಗುವಿಗೆ ಬೆಲೆ ಬರುತ್ತಿತ್ತು. (ನಿಲ್ಲುತ್ತದೆ. ತಳ ಸಮನಾಗಿರಬೇಕು, ಕೈ ನಡುಗಬಾರದು, ಅಷ್ಟೆ.)

ಆಚರಣೆಯು ಜೀವಕ್ಕೆ ತೊಂದರೆಯಾದಾಗ ಮಾತ್ರ ಸುಮ್ಮನಿರಲಾಗದು. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಂದು ಕಲಬುರಗಿ ಜಿಲ್ಲೆಯ ಒಂದು ಗ್ರಾಮದಲ್ಲಿ ಅಂಗವಿಕಲ ಮಕ್ಕಳನ್ನು, ಊನ ವಾಸಿಯಾಗುವುದೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ವಾರ್ತೆ ಪತ್ರಿಕೆಗಳಲ್ಲಿ ಬಂದಿತು. ಅದೇ ಮುಂಜಾನೆ ಮಂಗಳೂರು, ದಕ್ಷಿಣ ಕೊಡಗುಗಳಲ್ಲಿ ಬೇರೆ ಮಕ್ಕಳು ಸೌರ ಕನ್ನಡಕ ಧರಿಸಿ ಬೆಂಕಿಯ ಬಳೆಯನ್ನು ಕಂಡು ಕೇಕೆ ಹಾಕುತ್ತಿದ್ದರು. ಒಂದೇ ರಾಜ್ಯ, ಒಂದೇ ಸೂರ್ಯ.

ಬಸುರಿಯರ ಕಷ್ಟ ಇಷ್ಟು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅದು ಹೆಚ್ಚು ಕಾಲ ಬಾಳಿದೆ. ಚಾಕು ಹಿಡಿದರೆ, ಸೂಜಿ ಮುಟ್ಟಿದರೆ ಮಗುವಿಗೆ ಸೀಳುತುಟಿಯಾಗುವುದೆಂದು ಅವರನ್ನು ಗಂಟೆಗಟ್ಟಲೆ ಕದಲದಂತೆ ಮಲಗಿಸುವುದುಂಟು. ಗರ್ಭದಲ್ಲಿ ಶಿಶುವಿನ ತುಟಿ ಕೂಡಿಕೊಳ್ಳುವುದು ನಾಲ್ಕರಿಂದ ಏಳನೆಯ ವಾರದೊಳಗೆ. ಏಳು ತಿಂಗಳ ಬಸುರಿಯ ಮಗುವಿಗೆ ತುಟಿ ಎಂದೋ ರೂಪುಗೊಂಡಿರುತ್ತದೆ. ಈಳಿಗೆಮಣೆಯ ಮುಂದೆ ಕುಳಿತರೂ ಕೂಡಿದ ತುಟಿ ಸೀಳುವುದಿಲ್ಲ. ಸೀಳುತುಟಿಗೆ ಅನುವಂಶೀಯತೆ, ತಾಯಿಯ ಧೂಮಪಾನ, ಕೆಲವು ಔಷಧಗಳು ಮುಂತಾದ ಕಾರಣಗಳನ್ನು ವೈದ್ಯರು ಹೇಳುತ್ತಾರೆ. ಆ ಪಟ್ಟಿಯಲ್ಲಿ ಚಂದ್ರನ ನೆರಳಿಲ್ಲ. ಬದಲಿಗೆ ಬಸುರಿಯು ನೀರಿಲ್ಲದೆ ಸೆಕೆಯಲ್ಲಿ ಬಳಲುವುದು, ಮಧುಮೇಹದ ರೋಗಿಯು ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಸಿಕೊಂಡು ಉಪವಾಸವಿರುವುದು, ಇವು ನಿಜವಾದ ಅಪಾಯಗಳು. ಇನ್ಸುಲಿನ್ ಪಡೆದು ಊಟ ಬಿಟ್ಟವನಿಗೆ ರಕ್ತದ ಸಕ್ಕರೆ ಕುಸಿದರೆ ಮೋಕ್ಷಕಾಲದವರೆಗೆ ಕಾಯಲು ಸಮಯವಿರುವುದಿಲ್ಲ.

ಗ್ರಹಣದಲ್ಲಿ ನಿಜವಾಗಿಯೂ ಹೆದರಬೇಕಾದ ಸಂಗತಿ ಒಂದೇ. ಅದು ಕಣ್ಣಿಗೆ ಸಂಬಂಧಿಸಿದ್ದು. ಅಂದಿನ ಸೂರ್ಯನಲ್ಲಿ ಹೊಸ ವಿಷವೇನೂ ಇಲ್ಲ. ಉಳಿದ ದಿನ ಯಾರೂ ಸೂರ್ಯನನ್ನು ದಿಟ್ಟಿಸುವುದಿಲ್ಲ, ಅಂದು ದಿಟ್ಟಿಸುತ್ತಾರೆ, ಇಷ್ಟೇ ವ್ಯತ್ಯಾಸ. ಕಣ್ಣಿನ ಮಸೂರವು ಬಿಸಿಲನ್ನು ಅಕ್ಷಿಪಟಲದ ನಡುವಣ ಸಣ್ಣ ಚುಕ್ಕೆಯ ಮೇಲೆ ಕೇಂದ್ರೀಕರಿಸುತ್ತದೆ. ಓದುವುದು, ಮುಖ ಗುರುತಿಸುವುದು ಎಲ್ಲವೂ ಆ ಚುಕ್ಕೆಯ ಕೆಲಸ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲವಾದ್ದರಿಂದ ಸುಡುವಾಗ ತಿಳಿಯುವುದಿಲ್ಲ. ಕೆಲವು ಗಂಟೆಗಳ ಅನಂತರ ದೃಷ್ಟಿಯ ಮಧ್ಯದಲ್ಲಿ ಮಬ್ಬು ಕಲೆಯೊಂದು ಕಾಣಿಸಿಕೊಳ್ಳುತ್ತದೆ. ಹಲವರಿಗೆ ತಿಂಗಳುಗಳಲ್ಲಿ ದೃಷ್ಟಿ ಸುಧಾರಿಸುತ್ತದೆ, ಕೆಲವರಿಗೆ ಕಲೆ ಉಳಿದೇಬಿಡುತ್ತದೆ. ಇದಕ್ಕೆ ಖಚಿತವಾದ ಮದ್ದಿಲ್ಲ.

ಆದುದರಿಂದ ತಂಪು ಕನ್ನಡಕ, ಹೊಗೆ ಹಿಡಿಸಿದ ಗಾಜು, ಎಕ್ಸ್-ರೇ ಫಿಲ್ಮು, ಸಗಣಿ ನೀರಿನಲ್ಲಿನ ಪ್ರತಿಬಿಂಬ ಇವಾವುದನ್ನೂ ನಂಬಬಾರದು. ಕತ್ತಲೆನಿಸಿದ ಮಾತ್ರಕ್ಕೆ ಅವು ಕಣ್ಣಿಗೆ ಕಾಣದ ಕಿರಣಗಳನ್ನು ತಡೆಯುತ್ತವೆಂದಲ್ಲ. ಐಎಸ್‌ಓ 12312-2 ಎಂಬ ಪ್ರಮಾಣಕ್ಕೆ ಹೊಂದುವ ಸೌರ ಕನ್ನಡಕ, ಗೀರು ಬೀಳದಿದ್ದಲ್ಲಿ, ಸುರಕ್ಷಿತ. ಬೆಸುಗೆಯವರು ಬಳಸುವ 14ನೆಯ ಸಂಖ್ಯೆಯ ಗಾಜೂ ಆದೀತು. ಇವುಗಳನ್ನು ಧರಿಸಿ ದುರ್ಬೀನಿನಲ್ಲಿ ಮಾತ್ರ ಇಣುಕಕೂಡದು. ಖಗ್ರಾಸದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ಆ ಎರಡು ಮೂರು ನಿಮಿಷ ಬರಿಗಣ್ಣಿನಿಂದ ನೋಡಬಹುದು. ಕಂಕಣ ಗ್ರಹಣದಲ್ಲಿ ಒಂದು ಕ್ಷಣವೂ ಕೂಡದು.

ಕಾಸು ಖರ್ಚಿಲ್ಲದ, ಮಕ್ಕಳಿಗೂ ಅಪಾಯವಿಲ್ಲದ ಉಪಾಯವೊಂದುಂಟು: ಸೂರ್ಯನಿಗೆ ಬೆನ್ನು ಮಾಡಿ ಮರದ ಕೆಳಗೆ ನೆಲ ನೋಡುವುದು. ಎಲೆಗಳ ನಡುವಣ ಒಂದೊಂದು ಸಂದಿಯೂ ಸೂಜಿರಂಧ್ರದ ಕ್ಯಾಮೆರಾದಂತೆ ವರ್ತಿಸಿ, ನೆಲದ ಮೇಲೆ ನೂರಾರು ಬಿದಿಗೆ ಚಂದ್ರರು ಚೆಲ್ಲಿದಂತಾಗುತ್ತದೆ. ಮರವಿಲ್ಲದ ಚಾಳಿನವರಿಗೆ ಬೂಂದಿಕಾಳು ಮಾಡುವ ತೂತಿನ ಸೌಟು ಸಾಕು; ಬಿಳಿ ಹಾಳೆಯ ಮೇಲೆ ಅದರ ನೆರಳು ಬೀಳಿಸಿದರೆ ತೂತಿಗೊಂದರಂತೆ ಸೂರ್ಯ.

ಖಗ್ರಾಸ ಗ್ರಹಣವು ಭಾರತದ ನೆಲಕ್ಕೆ ಮತ್ತೆ ಬರುವುದು 2034ರ ಮಾರ್ಚ್ 20ರಂದು, ಅದೂ ಲಡಾಖಿನ ಕಡೆಗೆ. ಅದಕ್ಕೆ ಮುನ್ನ 2031ರ ಮೇ 21ರಂದು ಕಂಕಣ ಗ್ರಹಣವೊಂದು ಕೇರಳ, ತಮಿಳುನಾಡುಗಳನ್ನು ಹಾಯಲಿದೆ. ಮಧುರೆಯ ಸುತ್ತಮುತ್ತ ಮಧ್ಯಾಹ್ನ ಒಂದು ಗಂಟೆಯ ಆಸುಪಾಸು, ಸೂರ್ಯ ನೆತ್ತಿಯ ಮೇಲಿರುವಾಗ. ಅಂದು ಶಾಲೆಗೆ ಬೇಸಿಗೆ ರಜೆ. ಚೆನ್ನೈಯ ಕನ್ನಡಿಗರಿಗೆ ಮಧುರೆ ಒಂದು ರಾತ್ರಿಯ ರೈಲು ಪ್ರಯಾಣ. ವರ್ಷಕ್ಕೊಮ್ಮೆ ವನಭೋಜನ, ಯಾತ್ರೆಗಳನ್ನು ಏರ್ಪಡಿಸುವ ಸಂಘಗಳು ಇದನ್ನೂ ಏರ್ಪಡಿಸಬಾರದೇಕೆ? ಮುಂಬಯಿ, ಪುಣೆ, ಹೈದರಾಬಾದುಗಳ ಸಂಘಗಳು ಜೊತೆಗೂಡಿದರೆ ಒಂದು ಬೋಗಿಯೇ ತುಂಬೀತು. ಸದಸ್ಯರಲ್ಲಿಯೇ ಇರುವ ನೇತ್ರವೈದ್ಯರೊಬ್ಬರು ಹಿಂದಿನ ವಾರ ಅರ್ಧ ಗಂಟೆ ಮಾತನಾಡಲಿ. ಕನ್ನಡಕಗಳನ್ನು ಮೊದಲೇ ತರಿಸಿ ಅವರಿಂದ ಪರೀಕ್ಷಿಸಿಕೊಳ್ಳಲಿ. ಮೇ ತಿಂಗಳ ಬಿಸಿಲಿಗೆ ಟೋಪಿ, ಬೇಕಾದಷ್ಟು ನೀರು, ವಯಸ್ಸಾದವರಿಗೆ ನೆರಳು ಬೇಕು. ನೆರಳಿಗೆ ಒಳ್ಳೆಯ ಹುಣಸೆಮರವನ್ನೇ ಹುಡುಕಿದರೆ ಮೇಲೆ ನೋಡಲಾರದ ಅಜ್ಜಿಯ ಸೆರಗಿನ ಮೇಲೂ ಐದು ನಿಮಿಷ ಬೆಳಕಿನ ಬಳೆಗಳು ಬಿದ್ದಿರುತ್ತವೆ.