ಅಪ್ಪನ ಕೂಲರ್ ಒಡೆಯಬೇಕಾಗಿತ್ತೇ?

 

ಈ ಸಲದ ಗೋಡೆ ಪತ್ರಿಕೆಗೆ ಕೊಡಲು ನನ್ನ ಹತ್ತಿರ ಕತೆಯೂ ಇಲ್ಲ, ಕವನವೂ ಇಲ್ಲ. ಒಂದು ಅಭಿಪ್ರಾಯ ಇದೆ. ಅದನ್ನು ಬರೆಯದೇ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಯಾಕಂದ್ರ ಊರಾಗ ಮಂದಿ ನಮ್ಮಪ್ಪನ ಬಗ್ಗೆ ಒಂದು ಮಾತು ಆಡ್ಲತ್ತಾರ. "ಅವನಿಗಿ ಕಟಗಿ ಹುಚ್ಚು, ಕರೆಂಟಿನ ಹುಚ್ಚು" ಅಂತ. ನಮ್ಮ ತರಗತಿಯಲ್ಲೂ ಕೆಲವರು ಅದನ್ನೇ ಹೇಳಿ ನಗುತ್ತೀರಿ. ನಗ್ರಿ, ಬ್ಯಾಡ ಅನ್ನಲ್ಲ. ಆದರೆ ಇದನ್ನು ಪೂರ್ತಿ ಓದಿ ಆಮೇಲೆ ನಗಬೇಕು.

ನಮ್ಮಪ್ಪ ಬಡಿಗೇರರಲ್ಲ, ವೈರ್‌ಮನ್ನೂ ಅಲ್ಲ. ನಾಲ್ಕು ಎಕರೆ ಎರಿ ಹೊಲದಾಗ ತೊಗರಿ ಬೆಳೆಯುವ ರೈತರು. ತೊಗರಿ ರಾಶಿ ಮುಗಿದು ಬ್ಯಾಸಗಿ ಬಂತಂದ್ರ ಉಳಿದವರು ಕಟ್ಟಿ ಮೇಲೆ ಕೂತು ಇಸ್ಪೀಟ್ ಆಡುತ್ತಾರೆ. ನಮ್ಮಪ್ಪ ಪಡಸಾಲಿಯಲ್ಲಿ ಕರಗಸ, ಉಳಿ, ರಂದಾ, ಟೆಸ್ಟರ್, ಪೇಚಕಸ್ ಹರಡಿಕೊಂಡು ಕೂಡುತ್ತಾರೆ. ಮುರಿದ ಬಾಗಿಲದ ಹಲಗಿಯಿಂದ ನನಗೆ ಓದುವ ಮೇಜು ಮಾಡ್ಯಾರ. ಅವ್ವನ ಹೊಲಿಗೆ ಮಷಿನ್‌ಗೆ ಹೊಸ ಹಲಗಿ ಕೂಡಿಸ್ಯಾರ. ಹಳೆಯ ಮೋಟರ್‌ಸೈಕಲ್ ಬ್ಯಾಟರಿಗೆ ಎಲ್‌ಇಡಿ ದೀಪ ಜೋಡಿಸಿ, ಅದಕ್ಕೊಂದು ಕಟಗಿ ಪೆಟ್ಟಿಗೆ ಮಾಡಿ ಕೊಟ್ಟಾರ. ಕರೆಂಟ್ ಹೋದಾಗ ನಾನು ಓದುವುದು ಆ ದೀಪದ ಬೆಳಕಿನಲ್ಲಿಯೇ.

ಇಲ್ಲಿತನಕ ಯಾರೂ ಏನೂ ಅನ್ನಲಿಲ್ಲ. ಜಗಳ ಶುರುವಾಗಿದ್ದು ಕೂಲರ್‌ನಿಂದ.

ನಮ್ಮ ಕಲಬುರಗಿ ಸೀಮೆಯ ಬಿಸಿಲು ನಿಮಗೆ ಗೊತ್ತೇ ಅದ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಅಪ್ಪ ಹಳೆಯ ತಗಡು ತಂದು ಡಬ್ಬಿ ಮಾಡಿದರು. ಮೂರು ಕಡೆ ಜಾಳಿಗಿ ಕಟ್ಟಿ ಅದರಲ್ಲಿ ಕೂಲರ್ ಹುಲ್ಲು ತುಂಬಿದರು. ಒಳಗೊಂದು ಫ್ಯಾನಿನ ಮೋಟರ್, ಕೆಳಗೊಂದು ಸಣ್ಣ ಪಂಪು. ಪಂಪು ನೀರನ್ನು ಮೇಲೆ ಎತ್ತಿ ಹುಲ್ಲಿನ ಮೇಲೆ ಸುರಿಸುತ್ತದೆ, ಫ್ಯಾನು ಹೊರಗಿನ ಒಣ ಗಾಳಿಯನ್ನು ಆ ಹಸಿ ಹುಲ್ಲಿನ ಒಳಗಿಂದ ಎಳೆಯುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ನಮ್ಮ ಮನೆಯ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಅದಕ್ಕೇ ಕೂಲರ್ ಒಣ ಬಿಸಿಲಿಗೆ ಛಲೋ, ಮಳೆಗಾಲದ ಹಸಿ ಹವೆಗೆ ಉಪಯೋಗ ಇಲ್ಲ. ಕಿಟಕಿ ಮುಚ್ಚಿದರೂ ಉಪಯೋಗ ಇಲ್ಲ.

ಮೋಟರ್ ಮೇಲೆ 120 ವ್ಯಾಟ್, ಪಂಪಿನ ಮೇಲೆ 18 ವ್ಯಾಟ್ ಅಂತ ಬರೆದಿತ್ತು. ಎರಡೂ ಸೇರಿ 138 ವ್ಯಾಟ್. ರಾತ್ರಿ 8 ತಾಸು ಓಡಿದರೆ 1,104 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಈ ಲೆಕ್ಕ ನಾನೇ ಮಾಡಿದ್ದು. ಪುಸ್ತಕದಾಗ ಇಂಥ ಲೆಕ್ಕ ಎಷ್ಟೋ ಮಾಡಿದ್ದೆ. ಮನೆಯ ವಸ್ತುವಿನ ಮೇಲೆ ಮಾಡಿದ್ದು ಅವತ್ತೇ ಮೊದಲು.

2023ರ ಮೇ ತಿಂಗಳು. ಮಧ್ಯಾಹ್ನ ತಮ್ಮ ಹೊರಗಿಂದ ಆಡಿ ಬಂದ. ಬರಿಗಾಲು. ಕೂಲರ್‌ನಿಂದ ನೀರು ಸೋರಿ ಫರಸಿ ಕಲ್ಲು ಹಸಿಯಾಗಿತ್ತು. ತಂಪು ಗಾಳಿಗೆ ಮುಖ ಹಿಡಿಯಲು ಹೋಗಿ ಎರಡೂ ಕೈಯಿಂದ ತಗಡು ಹಿಡಿದ. ಚೀರಲೂ ಇಲ್ಲ. ಹಂಗೇ ನಿಂತ. ಅವ್ವ ನೋಡಿ, ಅವನನ್ನು ಮುಟ್ಟದೇ ಓಡಿ ಹೋಗಿ ಮೇನ್ ಕೆಳಗೆ ಎಳೆದಳು. ಅವನು ಬಿದ್ದ. ದವಾಖಾನಿಗಿ ಒಯ್ದೆವು. ಉಳಿದ. ಎರಡು ಬೆರಳಿನ ಮೇಲೆ ಸುಟ್ಟ ಕಲೆ ಈಗಲೂ ಅದ.

ನಮ್ಮದು ಆಳಂದ ತಾಲೂಕು. ಸೋದರಮಾವ ಇರುವುದು ಅಫಜಲಪುರ ತಾಲೂಕಿನ ಭೀಮಾ ದಂಡಿಯ ಊರಾಗ. ಅತ್ತಿಯ ಮನೆ ಜೇವರ್ಗಿ ತಾಲೂಕಿನಾಗ. ಸುದ್ದಿ ಕೇಳಿ ಮರುದಿನ ಎಲ್ಲರೂ ಬಂದರು. ಅಜ್ಜ, "ಮೊದಲು ಆ ಕೂಲರ್ ಒಡೆದು ಹಾಕ್ರಿ" ಅಂದ. ಅತ್ತಿ, "ಬಡಿಗ್ಯಾರ ಕೆಲಸ ಬಡಿಗ್ಯಾರು ಮಾಡ್ಲಿ, ಕರೆಂಟಿನ ಕೆಲಸ ವೈರ್‌ಮನ್ ಮಾಡ್ಲಿ, ನಿನಗ್ಯಾಕಪ್ಪ ಇದೆಲ್ಲ?" ಅಂದಳು. ಅಪ್ಪ ಒಂದು ಮಾತೂ ಆಡಲಿಲ್ಲ. ಎಲ್ಲ ಸಾಮಾನನ್ನು ಗೋಣಿ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟರು.

ಅವರೆಲ್ಲರ ಭಯ ಖರೇ. ಆದರೆ ಅವರ ತೀರ್ಮಾನ ತಪ್ಪು. ಇದೇ ನನ್ನ ಅಭಿಪ್ರಾಯ. ಯಾಕಂತ ಹೇಳುತ್ತೇನೆ.

ನಮ್ಮಕ್ಕನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮನೆಯ ವಿದ್ಯುತ್ ಮಂಡಲದ ಪಾಠ ಇದೆ. ಮನೆಗೆ ಬರುವ ಕೆಂಪು ತಂತಿ ಸಜೀವ, ಕಪ್ಪು ತಂತಿ ತಟಸ್ಥ, ಹಸಿರು ತಂತಿ ಭೂಸಂಪರ್ಕದ್ದು. ಲೋಹದ ಮೈ ಇರುವ ಉಪಕರಣಕ್ಕೆ ಹಸಿರು ತಂತಿ ಬೇಕೇ ಬೇಕು. ಒಳಗೆ ಕರೆಂಟ್ ಸೋರಿದರೆ ಅದು ನಮ್ಮ ಮೈಯೊಳಗಿಂದ ಹೋಗದೆ ಆ ತಂತಿಯ ದಾರಿ ಹಿಡಿದು ನೆಲಕ್ಕೆ ಹೋಗುತ್ತದೆ. ಈ ಪ್ರಶ್ನೆಗೆ ಅಕ್ಕ ಪೂರ್ತಿ ಅಂಕ ತಗೊಂಡಿದ್ದಳು. ಆದರೆ ಅದೇ ಮನೆಯ ಅದೇ ಗೋಡೆಯ ಮೇಲೆ ಪ್ಲಗ್ಗಿನ ಬೋರ್ಡಿನಲ್ಲಿ ಮೇಲಿನ ಮೂರನೇ ತೂತು ಖಾಲಿ ಇತ್ತು! ತೂತು ಇತ್ತು, ಅದರ ಹಿಂದೆ ತಂತಿ ಇರಲಿಲ್ಲ. ಕೂಲರ್‌ಗೆ ಅಪ್ಪ ಹಾಕಿದ್ದೂ ಎರಡು ಪಿನ್ನಿನ ಪ್ಲಗ್ಗು. ಅವರು ಮೊಬೈಲಿನಲ್ಲಿ ನೋಡಿದ ವಿಡಿಯೋದಲ್ಲೂ ಹಂಗೇ ಇತ್ತಂತೆ.

ಇನ್ನೊಂದು ಸಂಗತಿ ನಮಗೆ ಗೊತ್ತಿರಲಿಲ್ಲ. "ಫ್ಯೂಸ್ ಅದಲ್ಲ, ಅದು ಯಾಕ ಹೋಗ್ಲಿಲ್ಲ?" ಅಂತ ಅವ್ವ ಕೇಳಿದಳು. ಲೆಕ್ಕ ಹಾಕಿ ನೋಡ್ರಿ. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 230 ವೋಲ್ಟ್‌ನಲ್ಲಿ ಎಷ್ಟು ಕರೆಂಟ್ ಬೇಕು? 9ನ್ನು 230ರಿಂದ ಭಾಗಿಸಿದರೆ ಸುಮಾರು 0.039 ಆಂಪಿಯರ್. ಅಷ್ಟೇ ಕರೆಂಟ್ ಎದೆಯ ಒಳಗಿಂದ ಸ್ವಲ್ಪ ಹೊತ್ತು ಹರಿದರೆ ಮನುಷ್ಯನ ಜೀವ ಹೋಗಬಹುದು. 5 ಆಂಪಿಯರ್ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಫ್ಯೂಸ್ ಇರುವುದು ತಂತಿ ಸುಡದಂತೆ ಕಾಯುವುದಕ್ಕೆ. ಮನುಷ್ಯನನ್ನು ಕಾಯುವುದು ಬೇರೆ ಉಪಕರಣ. ಅದರ ಹೆಸರು ಆರ್.ಸಿ.ಸಿ.ಬಿ. ಹೋದ ಕರೆಂಟ್ ಅಷ್ಟೇ ತಿರುಗಿ ಬಂತೋ ಇಲ್ಲೋ ಅಂತ ಅದು ನೋಡುತ್ತಲೇ ಇರುತ್ತದೆ. ಮನೆಗೆ ಹಾಕುವುದು 30 ಮಿಲಿ ಆಂಪಿಯರ್‌ದು. ಅಷ್ಟು ವ್ಯತ್ಯಾಸ ಬಂದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಂದ್ ಆಗುತ್ತದೆ.

ಈಗ ಹೇಳ್ರಿ, ತಪ್ಪು ಯಾರದು? ಕೂಲರ್ ಮಾಡಿದ್ದೇ ತಪ್ಪಾಗಿದ್ದರೆ ಒಡೆದರೆ ಮುಗಿಯುತ್ತಿತ್ತು. ಆದರೆ ಅಂಗಡಿಯಿಂದ ತಂದ ತಗಡಿನ ಕೂಲರನ್ನು ಆ ಖಾಲಿ ತೂತಿಗೆ ಹಚ್ಚಿದರೂ ಅಪಾಯ ಇದ್ದೇ ಇರುತ್ತದೆ. ಆ ಬ್ಯಾಸಗಿಯಲ್ಲಿ ಮಾವನ ಮನೆಗೂ ಅತ್ತಿಯ ಮನೆಗೂ ಹೋದಾಗ ನಾನು ಮೊದಲು ಬೋರ್ಡು ನೋಡಿದೆ. ಎರಡೂ ಕಡೆ ಹಸಿರು ತಂತಿ ಇಲ್ಲ. ಎರಡೂ ಕಡೆ ಕೊಂಡು ತಂದ ಕೂಲರ್! ಒಡೆಯಬೇಕಾಗಿದ್ದು ಕೂಲರ್ ಅಲ್ಲ, "ಇಷ್ಟು ದಿನ ಏನೂ ಆಗಿಲ್ಲ, ಇನ್ನೇನು ಆಗ್ತದ" ಅನ್ನುವ ನಮ್ಮ ಧೈರ್ಯ.

ನಾನು ಆ ಪಾಠವನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಅಪ್ಪ ಚೀಲ ಕೆಳಗೆ ಇಳಿಸಿದರು. ಆದರೆ ಈ ಸಲ ಒಬ್ಬರೇ ಮಾಡಲಿಲ್ಲ. ಲೈಸೆನ್ಸ್ ಇರುವ ವೈರ್‌ಮನ್ ಅವರನ್ನು ಕರೆಸಿದರು. ಮನೆ ಹಿಂದೆ ಗುಂಡಿ ತೋಡಿ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪ್ ಇಳಿಸಿ, ಸುತ್ತ ಇದ್ದಲಿ, ಉಪ್ಪು ಪದರ ಪದರವಾಗಿ ತುಂಬಿ ಅರ್ಥಿಂಗ್ ಮಾಡಿದರು. ಆರ್.ಸಿ.ಸಿ.ಬಿ. ತರಲು ಅವ್ವ ಹಾಲಿನ ರೊಕ್ಕ ಕೊಟ್ಟಳು. ಅಪ್ಪ ತಗಡು ಬಿಟ್ಟು ಬೇವಿನ ಕಟಗಿಯ ಚೌಕಟ್ಟು ಮಾಡಿದರು. "ಕಟಗಿಗಿ ಕರೆಂಟ್ ಹರಿಯಂಗಿಲ್ಲ, ಇನ್ನ ಅರ್ಥಿಂಗ್ ಯಾಕ?" ಅಂತ ನಾನು ಕೇಳಿದೆ. ವೈರ್‌ಮನ್ ಕಾಕಾ ಹೇಳಿದರು: "ಒಣ ಕಟಗಿ ಮಾತು ಬೇರೆ, ಹಸಿ ಕಟಗಿ ಮಾತು ಬೇರೆ. ಕೂಲರ್‌ದಾಗ ಕಟಗಿ ಒಣಾ ಎಲ್ಲಿರ್ತದವ್ವ?" ಹಾಗಾಗಿ ಮೋಟರ್‌ನ ಮೈಗೂ ಹಸಿರು ತಂತಿ ಹೋಯಿತು.

ನಮ್ಮ ಎರಿ ಮಣ್ಣಿನ ಒಂದು ಗುಣವನ್ನೂ ಅವರು ಹೇಳಿದರು. ಮಳೆಗಾಲದಲ್ಲಿ ಅದು ಹಸಿ ಹಿಡಿದಿರುತ್ತದೆ, ಬ್ಯಾಸಗಿಯಲ್ಲಿ ಬಿರಿದು ಒಣಗುತ್ತದೆ. ಒಣಗಿದ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಕೂಲರ್ ಹಚ್ಚುವುದೂ ಬ್ಯಾಸಗಿಯಲ್ಲೇ! ಅದಕ್ಕೇ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಬೇಕು. ಆ ಕೆಲಸ ಈಗ ತಮ್ಮನದು. ಮೊದಲ ವರ್ಷ ಅವನು ಕೂಲರ್ ಇರುವ ಖೋಲಿಗೇ ಬರುತ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿ ಒತ್ತಿ "ಬಂದ್ ಆಯ್ತವ್ವಾ, ಸರಿ ಅದ" ಅಂತ ಕೂಗಿ ಹೇಳುವವನೂ ಅವನೇ.

ಅತ್ತಿ ಹೇಳಿದ ಮಾತಿಗೂ ಉತ್ತರ ಕೊಡಬೇಕು. ಯಾರ ಕೆಲಸ ಅವರೇ ಮಾಡಬೇಕು ಅನ್ನುವುದಾದರೆ ಕಲಿಯುವುದು ಯಾವಾಗ? ನಮ್ಮ ನೆರೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿಯೇ ಬಾಚಿಕಾಯಕದ ಬಸವಯ್ಯನಂಥ ಬಡಗಿ ಶರಣರು ವಚನ ಬರೆದರು. ಬಡಗಿ ವಚನ ಬರೆಯಬಹುದಾದರೆ ಒಕ್ಕಲಿಗ ರಂದಾ ಹಿಡಿಯಬಾರದೇ? ವಿದ್ಯುತ್ ಪಾಠದಲ್ಲಿ ಬರುವ ಮೈಕೆಲ್ ಫ್ಯಾರಡೆ ಹುಡುಗನಾಗಿದ್ದಾಗ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕಿದ್ದವರು. ನನಗೂ ಒಂದು ಮಾತು ಬರುತ್ತದೆ, "ಹುಡುಗಿಗಿ ಯಾಕ ಪೇಚಕಸ್?" ಅಂತ. ಅವತ್ತು ಮೇನ್ ಎಳೆದವಳು ನಮ್ಮವ್ವ. ಮೇನ್ ಎಲ್ಲಿ ಅದ, ಹೆಂಗ ಎಳೀಬೇಕು ಅಂತ ಅವಳಿಗೆ ಗೊತ್ತಿರದೇ ಇದ್ದಿದ್ದರೆ ಏನಾಗುತ್ತಿತ್ತು? ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ.

ಈಗ ಗುರುಗಳಲ್ಲಿ ನನ್ನ ವಿನಂತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದೆ ಬಂದು ಊರಿನ ಬಡಗಿ, ಕುಂಬಾರ, ತೋಟಗಾರರಂಥವರ ಹತ್ತಿರ ಕಲಿಯಬೇಕು ಅಂತ ಬರೆದಿದ್ದಾರೆ. ನಮ್ಮ ರಾಜ್ಯದ ನೀತಿ ಅದೇ ಇರಲಿ, ಬೇರೆ ಇರಲಿ, ಆ ಮಾತು ಮಾತ್ರ ಸರಿ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಅದ. ಅಲ್ಲಿ ಎಲ್ಲವನ್ನೂ ಕೈಯಿಂದ ಮುಟ್ಟಿ, ತಿರುಗಿಸಿ ನೋಡಬಹುದು. ಆದರೆ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ನೋಡಿದರೆ ಸಾಲದು. ನಮ್ಮ ಶಾಲೆಯಲ್ಲೇ ಒಂದು ಮೂಲೆಯಲ್ಲಿ ಒಂದು ಮೇಜು ಇಡೋಣ. ಶನಿವಾರ ಒಂದು ತಾಸು ಸಾಕು. ಪರೀಕ್ಷೆಗೆ ಅಡ್ಡಿ ಆಗುತ್ತದೆ ಅಂತ ಕೆಲವರು ಹೇಳಬಹುದು. ಆದರೆ ವ್ಯಾಟ್, ವೋಲ್ಟ್, ಆಂಪಿಯರ್ ನನಗೆ ಗಟ್ಟಿಯಾಗಿದ್ದು ಕೂಲರ್‌ನಿಂದಲೇ. ಮೇಜು ನಮ್ಮಪ್ಪ ಮಾಡಿ ಕೊಡುತ್ತಾರೆ, ನಾನು ಕೇಳಿ ಒಪ್ಪಿಸಿದ್ದೇನೆ.

ಆದರೆ ಈ ನಿಯಮಗಳು ಇರಲೇಬೇಕು:

1. ಮಕ್ಕಳು ಮಾಡುವುದೆಲ್ಲ ಬ್ಯಾಟರಿ ಸೆಲ್ಲಿನ ಮೇಲೆ ಮಾತ್ರ. ಗೋಡೆಯ ಕರೆಂಟಿಗೆ ನಾವು ಕೈ ಹಾಕಬಾರದು. ಅದು ವೈರ್‌ಮನ್ ಕೆಲಸವೇ. ಇಷ್ಟರ ಮಟ್ಟಿಗೆ ಅತ್ತಿಯ ಮಾತು ಖರೇ.

2. ಫ್ಯೂಸ್ ಹೋದಾಗ ಅದರ ಜಾಗದಲ್ಲಿ ದಪ್ಪ ತಂತಿ ಹಾಕಬಾರದು ಅಂತ ಮನೆಯಲ್ಲಿ ಹೇಳಬೇಕು.

3. ಕೂಲರ್‌ಗೆ ನೀರು ಹಾಕುವ ಮೊದಲು ಸ್ವಿಚ್ ಬಂದ್ ಮಾಡಿದರೆ ಸಾಲದು, ಪ್ಲಗ್ ಕಿತ್ತಬೇಕು.

4. ಯಾರಿಗಾದರೂ ಕರೆಂಟ್ ಹಿಡಿದರೆ ಅವರನ್ನು ಮುಟ್ಟಬಾರದು. ಮೊದಲು ಮೇನ್ ಬಂದ್ ಮಾಡಬೇಕು. ಆಮೇಲೆ 108ಕ್ಕೆ ಫೋನ್. ಓಣಿಯಲ್ಲಿ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್.

ಗೆಳೆಯ ಗೆಳತಿಯರೇ, ಇವತ್ತು ಮನೆಗೆ ಹೋದ ಮೇಲೆ ಒಂದೇ ಕೆಲಸ ಮಾಡ್ರಿ. ಬೋರ್ಡಿಗೆ ಕೈ ಹಚ್ಚಬ್ಯಾಡ್ರಿ, ಬರೀ ಕೇಳ್ರಿ: "ಅಪ್ಪಾ, ನಮ್ಮ ಮನಿಗಿ ಅರ್ಥಿಂಗ್ ಅದ ಏನು? ಈ ಮೂರನೇ ತೂತಿನ ಹಿಂದ ತಂತಿ ಅದ ಏನು?" ಉತ್ತರ ಏನು ಬಂತು ಅಂತ ಈ ಹಾಳೆಯ ಕೆಳಗೆ ಬಿಟ್ಟ ಖಾಲಿ ಜಾಗದಲ್ಲಿ ಬರೆಯಿರಿ. ಹೆಸರು ಬರೆಯದಿದ್ದರೂ ನಡೆಯುತ್ತದೆ, "ಅದ" ಅಥವಾ "ಇಲ್ಲ" ಅಂತ ಬರೆದರೆ ಸಾಕು. "ಇಲ್ಲ" ಅಂತ ಎಷ್ಟು ಮನೆ ಆಗುತ್ತವೋ ಆ ಪಟ್ಟಿಯನ್ನು ವಿಜ್ಞಾನದ ಸರ್ ಕೈಗೆ ಕೊಡೋಣ. ಮುಂದೇನು ಮಾಡಬೇಕು ಅಂತ ಅವರೇ ಹಿರಿಯರ ಜೊತೆ ಮಾತಾಡಲಿ.

ಮೊದಲ ಸಾಲಿನಲ್ಲಿ ನಾನೇ ಬರೆದಿದ್ದೇನೆ: "2023ರ ಮೇ ತನಕ ಇಲ್ಲ. ಈಗ ಅದ."

ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇಂತಿ ನಿಮ್ಮ ಶಾಲೆಯ ವಿದ್ಯಾರ್ಥಿನಿ,
ಹತ್ತನೇ ತರಗತಿ