ಪರದೇಶದ ಕಾಗದ, ಶಾಲೆಯ ಪುಸ್ತಕ

ಕಳೆದ ಮಳೆಗಾಲದ ಒಂದು ಸಂಜೆ. ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಬಸ್ಸಿಗೆ ಓಡಿದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ, ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಕಾಗದದ ಕಟ್ಟು. ಕುಶಲ ವಿಚಾರಿಸಿ ಆದಮೇಲೆ ಆತ ಮೆಲ್ಲನೆ ಕೇಳಿದ: "ಎಂಟನೆಯ ಕ್ಲಾಸಿಗೆ ಸೇರುವಾಗ ನನ್ನ ಹೆಸರು ಪುಸ್ತಕದಲ್ಲಿ ಬರೆದದ್ದು ಯಾರು ಮಾಷ್ಟ್ರೇ?" ಕಪಾಟಿನಿಂದ ಹದಿನೇಳು ವರ್ಷ ಹಿಂದಿನ ಪ್ರವೇಶ ಪುಸ್ತಕವನ್ನು ತೆಗೆದು ನೋಡಿದೆವು. ಬರಹ ನಮ್ಮದೇ ಆಗಿತ್ತು.

ಆತನ ಹೆಸರನ್ನು ಇಲ್ಲಿ ಬದಲಿಸಿ ಹರೀಶ ಎನ್ನೋಣ. ತಂದೆ ಕೃಷ್ಣಪ್ಪ. ಕೆಳಗಿನ ಶಾಲೆಯ ಟಿ.ಸಿ.ಯಲ್ಲಿ 'ಹರೀಶ ಕೃಷ್ಣಪ್ಪ' ಎಂದು ಸ್ಪಷ್ಟವಾಗಿಯೇ ಇತ್ತು. ನಮ್ಮ ಪುಸ್ತಕದ ಅಂಕಣ ಕಿರಿದು, ಅಂದು ಸಾಲಿನಲ್ಲಿ ನಿಂತ ಹೆತ್ತವರು ಹಲವರು. 'ಹರೀಶ ಕೆ.' ಎಂದು ಬರೆದು ಮುಗಿಸಿದ್ದೆವು. ಎಸ್ಸೆಸ್ಸೆಲ್ಸಿ ಪುಸ್ತಕಕ್ಕೆ ಅದೇ ಹೋಯಿತು, ಕಾಲೇಜಿನ ಪದವಿ ಪತ್ರಕ್ಕೂ ಅದೇ ಹೋಯಿತು. ದುಬೈಗೆ ಹೊರಟಾಗ ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬೇಡ, ಪೂರ್ತಿ ಹೆಸರು ಬೇಕೆಂದರು. ಅಲ್ಲಿ 'ಹರೀಶ್ ಕೃಷ್ಣಪ್ಪ' ಆದ. ಮದುವೆಯಾಗಿ ಮಗು ಹುಟ್ಟಿದಾಗ ಜನನ ನೋಂದಣಿಯ ಗುಮಾಸ್ತರು ತಮ್ಮ ಭಾಷೆಯ ರೂಢಿಯಂತೆ ತಂದೆಯ ಹೆಸರನ್ನು 'ಹರೀಶನ್ ಕೆ.' ಮಾಡಿದರು. ಒಬ್ಬನೇ ಮನುಷ್ಯ, ಮೂರು ಕಾಗದ, ಮೂರು ಹೆಸರು. ಊರಿನಲ್ಲಿ ಇರುವಷ್ಟು ದಿನ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ.

ಆರು ವರ್ಷ ದುಬೈಯಲ್ಲಿ ದುಡಿದ ಮೇಲೆ ಆತ ಹೆಂಡತಿ, ಮಗುವಿನೊಂದಿಗೆ ಕೆನಡಾ ದೇಶದಲ್ಲಿ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಿದ. ಕೊಲ್ಲಿ ದೇಶಗಳ ಸಂಗತಿ ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಅಲ್ಲಿ ಕೆಲಸವಿದ್ದರೆ ವಾಸ, ಕೆಲಸ ಮುಗಿದರೆ ಸಾಮಾನ್ಯವಾಗಿ ಊರಿಗೆ ವಾಪಸು. ಕೆನಡಾದ ಕ್ರಮ ಬೇರೆ. 2015ರಲ್ಲಿ ಆರಂಭವಾದ 'ಎಕ್ಸ್‌ಪ್ರೆಸ್ ಎಂಟ್ರಿ' ಎಂಬ ಏರ್ಪಾಡಿನಲ್ಲಿ ವಯಸ್ಸು, ವಿದ್ಯೆ, ಅನುಭವ, ಭಾಷಾಜ್ಞಾನ ಇವಕ್ಕೆಲ್ಲ ಅಂಕ ಕೊಟ್ಟು, ಹೆಚ್ಚು ಅಂಕದವರನ್ನು ಕರೆಯುತ್ತಾರೆ. ಕರೆ ಬಂದ ಮೇಲೆ 60 ದಿನಗಳೊಳಗೆ ಎಲ್ಲ ದಾಖಲೆಗಳನ್ನೂ ಒಪ್ಪಿಸಬೇಕು. ಕಳೆದ ಹತ್ತು ವರ್ಷಗಳಲ್ಲಿ ಯಾವ ಯಾವ ದೇಶದಲ್ಲಿ ಒಂದೇ ಸಮನೆ ಆರು ತಿಂಗಳು ಇದ್ದರೋ ಅಲ್ಲಿನ ಪೊಲೀಸ್ ಪ್ರಮಾಣಪತ್ರ ಬೇಕು. ವೈದ್ಯಕೀಯ ಪರೀಕ್ಷೆ ಆಗಬೇಕು. ಮಕ್ಕಳ ಜನನ ಪತ್ರ ಬೇಕು. ಇಂಗ್ಲಿಷ್ ಅಥವಾ ಫ್ರೆಂಚ್ ಅಲ್ಲದ ಭಾಷೆಯ ಕಾಗದಕ್ಕೆ ಪ್ರಮಾಣಿತ ಅನುವಾದವೂ ಜೊತೆಗಿರಬೇಕು.

ಹರೀಶ ಪೊಲೀಸ್ ಪತ್ರಗಳೆರಡನ್ನೂ ತಂದ, ವೈದ್ಯರಲ್ಲಿಗೂ ಹೋಗಿಬಂದ. ಸಿಕ್ಕಿಬಿದ್ದದ್ದು ತನ್ನ ಹೆಸರಿನಲ್ಲಿ. ಪದವಿ ಪಡೆದ 'ಹರೀಶ ಕೆ.' ಯಾರು, ಈ ಮಗುವಿನ ತಂದೆ 'ಹರೀಶನ್ ಕೆ.' ಯಾರು, ಅರ್ಜಿ ಹಾಕಿದ 'ಹರೀಶ್ ಕೃಷ್ಣಪ್ಪ' ಯಾರು? ಸಾವಿರಾರು ಮೈಲಿ ದೂರದಲ್ಲಿ ಕುಳಿತ ಅಧಿಕಾರಿಗೆ ಕಾಗದವಲ್ಲದೆ ಬೇರೇನು ಗೊತ್ತು? ಆತನನ್ನು ದೂರುವಂತಿಲ್ಲ. ಮೂವರೂ ಒಬ್ಬನೇ ಎನ್ನುವುದಕ್ಕೆ ನಮ್ಮ ವಿಲ್ಲೇಜ್ ಆಫೀಸಿನಲ್ಲಿ ಒಂದು ಪತ್ರ ಕೊಡುವ ಪದ್ಧತಿ ಇದೆ. ನಾನು ನಾನೇ ಎಂದು ಸರಕಾರದಿಂದ ಬರೆಸಿಕೊಳ್ಳುವ ಪತ್ರ! ಆ ಪತ್ರ, ಮಗುವಿನ ಜನನ ಪತ್ರದ ತಿದ್ದುಪಡಿ, ಶಾಲೆಯ ದಾಖಲೆಯ ನಕಲು ಎಂದು ಅಲೆದಾಡುವುದರಲ್ಲಿ ಅರುವತ್ತು ದಿನ ಕಳೆದುಹೋಯಿತು. ಕರೆ ರದ್ದಾಯಿತು. ಆಗ ಆತನಿಗೆ ಇಪ್ಪತ್ತೊಂಬತ್ತು ತುಂಬಿ ಮೂವತ್ತು ಸಮೀಪಿಸಿತ್ತು. ಮೂವತ್ತರಿಂದ ವಯಸ್ಸಿನ ಅಂಕ ವರ್ಷವರ್ಷವೂ ಇಳಿಯುತ್ತ ಬಂದು 45ಕ್ಕೆ ಸೊನ್ನೆಯಾಗುತ್ತದೆ. ಈಗ ಆತ ದುಬೈಗೆ ಮರಳಿದ್ದಾನೆ. ಹೆಂಡತಿ, ಮಗು ಊರಿನಲ್ಲಿದ್ದಾರೆ. ಪುನಃ ಸರದಿಯಲ್ಲಿ ಹೆಸರು ಹಾಕಿದ್ದಾನಂತೆ, ಈ ಸಲ ಒಂದೇ ಹೆಸರು.

ಈ ಪ್ರಸಂಗವನ್ನು ಕೇಳಿದ ರಕ್ಷಕರೊಬ್ಬರು, "ಇದಕ್ಕೇ ಹೇಳುವುದು, ಕನ್ನಡ ಮಾಧ್ಯಮ ಬೇಡ, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಬೇಕು ಎಂದು" ಎಂದರು. ಆ ಮಾತನ್ನು ನಾವು ಒಪ್ಪುವುದಿಲ್ಲ. ಹರೀಶನ ಇಂಗ್ಲಿಷ್ ಪರೀಕ್ಷೆಯ ಅಂಕ ಚೆನ್ನಾಗಿಯೇ ಬಂದಿತ್ತು. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತದ್ದು ಅದಕ್ಕೆ ಅಡ್ಡಿಯಾಗಲಿಲ್ಲ. ತಪ್ಪು ಆದದ್ದು ಭಾಷೆಯಿಂದಲ್ಲ, ನಮ್ಮ ಅವಸರದಿಂದ. ಇಂಗ್ಲಿಷ್ ಶಾಲೆಯ ಪುಸ್ತಕದಲ್ಲಿಯೂ ಇನಿಶಿಯಲ್ ಇನಿಶಿಯಲ್ಲೇ.

ಹಾಗೆಂದು ಗಡಿನಾಡಿನ ನಮ್ಮ ಸ್ಥಿತಿಯಲ್ಲಿ ವಿಶೇಷವೇನೂ ಇಲ್ಲವೆನ್ನುವಂತಿಲ್ಲ. ನಮ್ಮ ಹೆಸರು ಕನ್ನಡದಲ್ಲಿ ಹುಟ್ಟಿ, ಮಲಯಾಳದಲ್ಲಿ ನೋಂದಣಿಯಾಗಿ, ಇಂಗ್ಲಿಷಿನಲ್ಲಿ ಪ್ರಯಾಣ ಮಾಡುತ್ತದೆ. ರಾಮ ರಾಮನ್ ಆಗುತ್ತಾನೆ, ಶಂಕರ ಶಂಕರನ್ ಆಗುತ್ತಾನೆ. ಭಟ್ ಎಂಬುದಕ್ಕೆ ಒಂದು 'ಟಿ' ಸಾಕೆ, ಎರಡು ಬೇಕೆ ಎಂದು ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಮ್ಮತವಿಲ್ಲ. ಅಬ್ದುಲ್ಲನ ಕೊನೆಗೆ 'ಎಚ್' ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಅಷ್ಟೇಕೆ, ಕಾಸರಗೋಡು ಎಂಬ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ನಡುವೆ ಒಂದು 'ಎ' ಸೇರಿಸಿಯೂ ಸೇರಿಸದೆಯೂ ಬರೆಯುತ್ತಾರೆ. 1956ರ ನವೆಂಬರ್ 1ಕ್ಕೆ ಮೊದಲು ಹುಟ್ಟಿದ ಅಜ್ಜಂದಿರ ಕಾಗದಗಳಲ್ಲಿ ಮದ್ರಾಸು ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ. ಅವರ ಮಕ್ಕಳದರಲ್ಲಿ ಕೇರಳ, ಕಣ್ಣೂರು ಜಿಲ್ಲೆ. 1984ರ ಮೇಲೆ ಹುಟ್ಟಿದವರದರಲ್ಲಿ ಕಾಸರಗೋಡು ಜಿಲ್ಲೆ. ಮನೆ ಮಾತ್ರ ಕದಲದೆ ಅದೇ ಗುಡ್ಡದ ಬುಡದಲ್ಲಿದೆ. ಪರದೇಶದ ಅರ್ಜಿಯಲ್ಲಿ ಇದನ್ನೆಲ್ಲ ವಿವರಿಸಲು ಜಾಗವಿರುವುದಿಲ್ಲ.

ಇನಿಶಿಯಲ್ಲಿನ ಮಾತು ಬೇರೆಯೇ ಆಡಬೇಕು. ನಮ್ಮಲ್ಲಿ ಒಂದಕ್ಷರ ಕೆಲವರಿಗೆ ತಂದೆಯ ಹೆಸರು, ಕೆಲವರಿಗೆ ತರವಾಡಿನ ಹೆಸರು, ಕೆಲವರಿಗೆ ಊರು. ಹೊರದೇಶದವರಿಗೆ ಇದು ಅರ್ಥವಾಗುವುದಿಲ್ಲ. ಅವರಿಗೆ ಒಂದು ಕುಲನಾಮ ಬೇಕು. ಅದಿಲ್ಲದಿದ್ದರೆ ಕೆನಡಾದವರು ನಮ್ಮ ಹೆಸರನ್ನೇ ಕುಲನಾಮದ ಅಂಕಣಕ್ಕೆ ಹಾಕಿ ಹೆಸರಿನ ಅಂಕಣವನ್ನು ಖಾಲಿ ಬಿಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು 2022ರ ನವೆಂಬರಿನಲ್ಲಿ ಯು.ಎ.ಇ. ಪ್ರಕಟಿಸಿದಾಗ ನಮ್ಮ ಊರಿನ ಎಷ್ಟು ಮನೆಗಳಲ್ಲಿ ಗಾಬರಿಯಾಯಿತು ಎಂಬುದು ಹೆತ್ತವರಿಗೆ ನೆನಪಿರಬಹುದು. ಇದಕ್ಕಾಗಿ ಯಾರೂ ಹೊಸ ಹೆಸರು ಇಟ್ಟುಕೊಳ್ಳಬೇಕಿಲ್ಲ, ಐತಪ್ಪ ಎಂಬ ಅಜ್ಜನ ಹೆಸರನ್ನು ನಾಚಿ ಮೊಟಕುಗೊಳಿಸಲೂ ಬೇಕಿಲ್ಲ. ಬದಲಾಗಿ ಅದನ್ನು ಪೂರ್ತಿ ಬರೆಯಬೇಕು, ಎಲ್ಲೆಲ್ಲೂ ಒಂದೇ ಕಾಗುಣಿತದಲ್ಲಿ ಬರೆಯಬೇಕು. ಹೆಣ್ಣುಮಕ್ಕಳ ಹೆತ್ತವರಿಗೆ ಇನ್ನೊಂದು ಮಾತು. ಮದುವೆಯಾದ ಕೂಡಲೇ ಹೆಸರು ಬದಲಿಸಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ನರ್ಸಿಂಗ್ ಕಲಿತು ಹೊರದೇಶಕ್ಕೆ ಹೋಗುವ ಹುಡುಗಿ ತನ್ನ ಸರ್ಟಿಫಿಕೇಟಿನ ಹೆಸರನ್ನೇ ಇಟ್ಟುಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ.

ಜನ್ಮದಿನದ ವಿಷಯದಲ್ಲಿ ಹಿಂದಿನ ಅಧ್ಯಾಪಕರ ಉದಾರತೆ ಪ್ರಸಿದ್ಧವಾಗಿದೆ. ವಯಸ್ಸು ಸಾಲದ ಮಗುವಿಗೆ ಮೇ ತಿಂಗಳ ಒಂದು ತಾರೀಕನ್ನು ದಯಪಾಲಿಸಿ ಒಂದನೆಯ ತರಗತಿಗೆ ಸೇರಿಸಿಕೊಳ್ಳುತ್ತಿದ್ದರು. ಅದು ಉಪಕಾರವೆಂದೇ ಎಲ್ಲರೂ ತಿಳಿದಿದ್ದರು. ಇನ್ನು ಅದು ನಡೆಯದು. 1969ರ ಜನನ ಮರಣ ನೋಂದಣಿ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶಕ್ಕೂ ಪಾಸ್‌ಪೋರ್ಟಿಗೂ ಜನನ ಪತ್ರವೇ ಆಧಾರ. ಈಗ ನಮ್ಮ ಬೆಂಚುಗಳಲ್ಲಿ ಕುಳಿತವರು ಅದಕ್ಕಿಂತ ಹಿರಿಯರು. ಅವರ ಪಾಲಿಗೆ ಶಾಲೆಯ ಪುಸ್ತಕಕ್ಕೆ ಇನ್ನೂ ಬೆಲೆಯಿದೆ. ಆದುದರಿಂದ ನಮ್ಮ ಜವಾಬ್ದಾರಿಯೂ ಮುಗಿದಿಲ್ಲ.

ಹೆತ್ತವರು ಆಗಾಗ ಕೇಳುವ ಒಂದು ಸಂದೇಹಕ್ಕೆ ಇಲ್ಲಿಯೇ ಉತ್ತರಿಸುತ್ತೇವೆ. ಅಲ್ಲಿ ಕಾಯಂ ವಾಸದ ಕಾರ್ಡು ಸಿಕ್ಕಿದರೆ ಮಗ ನಮ್ಮ ದೇಶದವನಲ್ಲದೆ ಹೋಗುತ್ತಾನೆಯೇ? ಇಲ್ಲ. ಕಾಯಂ ವಾಸ ಬೇರೆ, ಪೌರತ್ವ ಬೇರೆ. ಕೆನಡಾದಲ್ಲಿ ಕಾಯಂ ವಾಸದ ಹಕ್ಕು ಉಳಿಯಬೇಕಾದರೆ ಐದು ವರ್ಷಗಳಲ್ಲಿ 730 ದಿನ ಅಲ್ಲಿರಬೇಕು. ಪೌರತ್ವ ಕೇಳಲು 1095 ದಿನ. ಮೊದಲನೆಯದರಲ್ಲಿ ಭಾರತದ ಪಾಸ್‌ಪೋರ್ಟು ಹಾಗೆಯೇ ಇರುತ್ತದೆ. ಎರಡನೆಯದನ್ನು ಸ್ವೀಕರಿಸಿದ ದಿನ ಭಾರತದ ಪೌರತ್ವ ಹೋಗುತ್ತದೆ. ನಮ್ಮ ಸಂವಿಧಾನ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಆಮೇಲೆ ಒ.ಸಿ.ಐ. ಕಾರ್ಡಿನಲ್ಲಿ ಬಂದುಹೋಗಬಹುದು, ಮತ ಹಾಕುವಂತಿಲ್ಲ. ಅಡಿಕೆ ತೋಟವಿದ್ದವರು ಇದನ್ನೂ ಗಮನಿಸಬೇಕು: ಹೊರದೇಶದಲ್ಲಿ ನೆಲೆಸಿದವನು, ಅವನ ಪಾಸ್‌ಪೋರ್ಟು ಯಾವುದೇ ಇರಲಿ, ಇಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ. ತಂದೆಯಿಂದ ಪಿತ್ರಾರ್ಜಿತವಾಗಿ ಬಂದುದಕ್ಕೆ ಅಡ್ಡಿಯಿಲ್ಲ. ಅಲ್ಲಿಯೂ ವಾರಸುದಾರನ ಹೆಸರು ತಂದೆಯ ಕಾಗದದಲ್ಲಿದ್ದಂತೆಯೇ ಇರಬೇಕಾಗುತ್ತದೆ ಎಂಬುದನ್ನು ಹೇಳದೆ ಇರಲಾರೆವು.

ನಮ್ಮ ಮಕ್ಕಳು ಊರು ಬಿಟ್ಟು ಹೋಗಬೇಕೆಂದು ನಾವು ಬಯಸುವವರಲ್ಲ. ಹೋಗುವವರನ್ನು ಕಾಗದದ ನೆಪದಲ್ಲಿ ತಡೆಯುವ ಹಕ್ಕೂ ನಮಗಿಲ್ಲ. ಆದರೆ ಏಜೆಂಟರಿಗೆ ಮುಂಗಡ ಕೊಡಲು ಚಿನ್ನ ಅಡವಿಡುವ ಹೆತ್ತವರು, ಶಾಲೆಯಿಂದ ಪರಿಶೀಲನೆಗೆ ಮನೆಗೆ ಕಳುಹಿಸಿದ ಹಾಳೆಯನ್ನು ಓದದೆ ರುಜು ಹಾಕಿ ಹಿಂದಿರುಗಿಸುವುದನ್ನು ಕಂಡಾಗ ಬೇಸರವಾಗುತ್ತದೆ. ಹತ್ತನೆಯ ಪರೀಕ್ಷೆಯಾದ ಮೇಲೆ ಅದರಲ್ಲಿ ಒಂದಕ್ಷರ ತಿದ್ದಿಸಲು ತಿರುವನಂತಪುರದ ಪರೀಕ್ಷಾ ಭವನಕ್ಕೆ ಬರೆಯಬೇಕು. ಅಂದರೆ ರಾಜ್ಯದ ಇನ್ನೊಂದು ತುದಿ. ಪರೀಕ್ಷೆಗೆ ಮುನ್ನ ನಮ್ಮಲ್ಲಿಗೆ ಬಂದರೆ ಇಲ್ಲಿಯೇ ದಾರಿ ಹುಡುಕಬಹುದು.

ಹರೀಶ ಬಂದುಹೋದ ಮೇಲೆ ನಾವು ಅಧ್ಯಾಪಕರು ಸೇರಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಹೆಸರಿನ ಅಂಕಣದಲ್ಲಿ ಇನಿಶಿಯಲ್ ಬರೆಯುವುದಿಲ್ಲ. ಅಂಕಣ ಸಾಲದಿದ್ದರೆ ಎರಡು ಸಾಲು ಬರೆಯುತ್ತೇವೆ. ಬರೆದುದನ್ನು ಹೆತ್ತವರಿಗೆ ಗಟ್ಟಿಯಾಗಿ ಓದಿ ಹೇಳಿ, ಜನನ ಪತ್ರದೊಂದಿಗೆ ತಾಳೆ ನೋಡಿದ ಮೇಲೆಯೇ ರುಜು ಪಡೆಯುತ್ತೇವೆ. ಬರುವ ಜೂನ್ ತಿಂಗಳ ಮೊದಲ ಎರಡು ಶನಿವಾರ ಎಂಟು, ಒಂಬತ್ತನೆಯ ತರಗತಿಯವರ ಪ್ರವೇಶ ಪುಸ್ತಕವನ್ನು ನಮ್ಮ ಕೊಠಡಿಯ ಉದ್ದ ಮೇಜಿನ ಮೇಲೆ ತೆರೆದಿಟ್ಟಿರುತ್ತೇವೆ. ಮಗುವಿನ ಜನನ ಪತ್ರ, ಆಧಾರ್ ಕಾರ್ಡು, ತಮ್ಮ ರೇಶನ್ ಕಾರ್ಡು ಹಿಡಿದು ಬನ್ನಿ. ಕನ್ನಡಕ ಮರೆಯಬೇಡಿ.