ತಪಾಸಣೆ ದುರಂತಕ್ಕಿಂತ ಮೊದಲು ನಡೆಯಲಿ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಬೆಂಕಿ ಹೊತ್ತಿಕೊಂಡು 94 ಮಕ್ಕಳು ಬಲಿಯಾದರು. ಒಂಬತ್ತು ವರ್ಷಗಳ ಬಳಿಕ ಅದೇ ದಿನ, ಅಂದರೆ 2013ರ ಜುಲೈ 16ರಂದು, ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಪ್ರಾಣ ಬಿಟ್ಟರು. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ್ ಜಿಲ್ಲೆಯ ಪಿಪ್ಲೋದಿಯಲ್ಲಿ ಸರಕಾರಿ ಶಾಲೆಯ ಕಟ್ಟಡ ಕುಸಿದು 7 ಮಕ್ಕಳು ಮೃತಪಟ್ಟರು. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ವಿಷ, ಮತ್ತೊಂದು ಕಡೆ ಕಟ್ಟಡ. ರಾಜ್ಯಗಳು ಬೇರೆ, ಆಳುವ ಪಕ್ಷಗಳು ಬೇರೆ. ಆದರೆ ಈ ಮೂರೂ ದುರಂತಗಳ ಹಿಂದೆ ಇದ್ದುದು ಒಂದೇ ಕಾರಣ. ನೋಡಬೇಕಾದವರು ನೋಡಬೇಕಾದ ಸಮಯದಲ್ಲಿ ನೋಡಲಿಲ್ಲ.

ಕುಂಭಕೋಣಂನಲ್ಲಿ ಒಂದೇ ಕಟ್ಟಡದೊಳಗೆ ಮೂರು ಶಾಲೆಗಳು ನಡೆಯುತ್ತಿದ್ದುವು. ಅವುಗಳಲ್ಲಿ ಒಂದು ನರ್ಸರಿ ಶಾಲೆ. ಪುಟ್ಟ ಮಕ್ಕಳನ್ನು ಕೂರಿಸಿದ್ದ ಮೇಲಂತಸ್ತಿಗೆ ಗರಿಯ ಚಾವಣಿ ಹೊದಿಸಲಾಗಿತ್ತು. ಇಳಿದು ಬರಲು ಇದ್ದುದು ಇಕ್ಕಟ್ಟಾದ ಮೆಟ್ಟಿಲು. ಅಡುಗೆ ಕೋಣೆಯಲ್ಲಿ ಹುಟ್ಟಿದ ಬೆಂಕಿ ಚಾವಣಿಗೆ ಹಬ್ಬಿದಾಗ ಮಕ್ಕಳಿಗೆ ಓಡಲು ದಾರಿಯೇ ಇರಲಿಲ್ಲ. ಈ ಗರಿಯ ಚಾವಣಿಯನ್ನು ಕಾಣಲು ಯಾವ ತಜ್ಞರ ಅಗತ್ಯವಿತ್ತು? ಬೀದಿಯಲ್ಲಿ ನಿಂತು ತಲೆಯೆತ್ತಿದ ಯಾರಿಗೂ ಅದು ಕಾಣುವಂತಿತ್ತು. ಶಾಲೆಗಳ ಮೇಲಿನ ಗರಿಯ ಚಾವಣಿಗಳನ್ನು ತೆಗೆಸಬೇಕೆಂದು ತಮಿಳುನಾಡು ಸರಕಾರಕ್ಕೆ ಹೊಳೆದದ್ದು 94 ಮಕ್ಕಳು ಸತ್ತ ಬಳಿಕ. ಆ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯದ ತೀರ್ಪು ಹೊರಬಂದದ್ದು ಹತ್ತು ವರ್ಷಗಳ ಬಳಿಕ, 2014ರಲ್ಲಿ. ಗಂಡಾಮನ್‌ನಲ್ಲಿ ಅಡುಗೆಯ ಎಣ್ಣೆಗೆ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಬೆರೆತಿತ್ತೆಂದು ಪ್ರಯೋಗಾಲಯದ ಪರೀಕ್ಷೆಯಿಂದ ಖಚಿತವಾಯಿತು. ಶಾಲೆಯ ಉಗ್ರಾಣದ ಬಾಗಿಲು ತೆರೆದು ನೋಡುವ, ಬಡಿಸುವ ಮುನ್ನ ಒಂದು ತುತ್ತು ರುಚಿ ನೋಡುವ ಶಿಸ್ತು ಅಲ್ಲಿ ಇರುತ್ತಿದ್ದರೆ ಆ ಮಕ್ಕಳು ಇಂದು ಯುವಕ ಯುವತಿಯರಾಗಿರುತ್ತಿದ್ದರು.

ಶಾಲೆಗಳ ಸ್ಥಿತಿಯೇ ಹೀಗಿರುವಾಗ, ಶಾಲೆಯ ಮೆಟ್ಟಿಲೇರುವ ವಯಸ್ಸೂ ಆಗದ ಮಕ್ಕಳ ಪಾಡೇನು? ಅಂಗನವಾಡಿ, ನರ್ಸರಿ, ಪ್ಲೇ ಸ್ಕೂಲ್, ಡೇ ಕೇರ್, ಶಿಶುವಿಹಾರ ಮುಂತಾದ ನಾನಾ ಹೆಸರುಗಳಲ್ಲಿ ಇಂದು ಪ್ರತಿ ಪಟ್ಟಣದ ಪ್ರತಿ ಬಡಾವಣೆಯಲ್ಲಿಯೂ ಮಕ್ಕಳ ಕೇಂದ್ರಗಳಿವೆ. ಎರಡು, ಮೂರು, ನಾಲ್ಕು ವರ್ಷದ ಮಕ್ಕಳು ದಿನದ ಹಲವು ತಾಸುಗಳನ್ನು ಅಲ್ಲಿ ಕಳೆಯುತ್ತಾರೆ. ಎಂಟು ವರ್ಷದ ಮಗು ಹೊಟ್ಟೆನೋವು ಬಂದರೆ ಹೇಳಬಲ್ಲದು, ಹೊಗೆ ಕಂಡರೆ ಓಡಬಲ್ಲದು. ಎರಡು ವರ್ಷದ ಮಗುವಿಗೆ ಇದಾವುದೂ ಸಾಧ್ಯವಿಲ್ಲ. ಅದು ಮನೆಗೆ ಬಂದು ದೂರು ಹೇಳುವುದಿಲ್ಲ. ಆದ್ದರಿಂದ ದೊಡ್ಡವರ ಶಾಲೆಗಿಂತ ಈ ಪುಟ್ಟ ಕೇಂದ್ರಗಳ ಮೇಲೆಯೇ ಹೆಚ್ಚು ನಿಗಾ ಇರಬೇಕಾಗಿತ್ತು. ವಿಪರ್ಯಾಸವೆಂದರೆ, ನಮ್ಮ ದೇಶದ ಕಾನೂನು ಇದಕ್ಕೆ ತದ್ವಿರುದ್ಧವಾಗಿದೆ.

ಶಿಕ್ಷಣದ ಹಕ್ಕನ್ನು ಖಾತ್ರಿಪಡಿಸಿದ 2009ರ ಕಾಯ್ದೆ ಅನ್ವಯವಾಗುವುದು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ. ಆರು ವರ್ಷಕ್ಕಿಂತ ಕೆಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕಾಗಿ ಸರಕಾರ ಪ್ರಯತ್ನಿಸಬೇಕೆಂದು ಸಂವಿಧಾನದ 45ನೇ ವಿಧಿ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ. ನ್ಯಾಯಾಲಯದ ಬಾಗಿಲು ತಟ್ಟಿ ಕೇಳಬಹುದಾದ ಹಕ್ಕಲ್ಲ. ಕುಂಭಕೋಣಂ ದುರಂತದ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2009ರ ಏಪ್ರಿಲ್‌ನಲ್ಲಿ ತೀರ್ಪಿತ್ತ ಸುಪ್ರೀಮ್ ಕೋರ್ಟು, ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನಲ್ಲಿ ಅಡಕವಾಗಿದೆ ಎಂದು ಸಾರಿತು. ಬೆಂಕಿ ನಂದಿಸುವ ಸಾಧನಗಳಿರಬೇಕು, ಸಿಬ್ಬಂದಿಗೆ ತರಬೇತಿ ಇರಬೇಕು, ಕಟ್ಟಡದ ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳದೆ ಮಾನ್ಯತೆ ನೀಡಕೂಡದು ಎಂದು ಆದೇಶಿಸಿತು. ಇದೊಂದು ಮಹತ್ವದ ತೀರ್ಪು. ಆದರೆ ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ಇಪ್ಪತ್ತು ಮಕ್ಕಳನ್ನು ಇಟ್ಟುಕೊಂಡಿರುವ ಡೇ ಕೇರ್ ಯಾವ ಮಾನ್ಯತೆಯನ್ನು ಯಾರಿಂದ ಪಡೆಯಬೇಕು?

ಮಾನದಂಡಗಳು ಇಲ್ಲವೆಂದಲ್ಲ. 2013ರ ರಾಷ್ಟ್ರೀಯ ಶೈಶವ ಪಾಲನೆ ಮತ್ತು ಶಿಕ್ಷಣ ನೀತಿಯು ರಾಜಿ ಮಾಡಿಕೊಳ್ಳಲಾಗದ ಅಂಶಗಳೆಂದು ಕೆಲವನ್ನು ಪಟ್ಟಿ ಮಾಡಿದೆ. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರಿನ, ಅಂದರೆ ಸುಮಾರು 375 ಚದರ ಅಡಿಯ ಕೋಣೆ ಇರಬೇಕು. ಹೊರಗೆ ಆಡಲು ಕನಿಷ್ಠ 30 ಚದರ ಮೀಟರು ಜಾಗ ಇರಬೇಕು. ಕಟ್ಟಡ ಭದ್ರವಾಗಿರಬೇಕು. ಶುದ್ಧ ಕುಡಿಯುವ ನೀರು, ಮಕ್ಕಳಿಗೆ ಹೊಂದುವ ಶೌಚಾಲಯ, ಕೈ ತೊಳೆಯುವ ವ್ಯವಸ್ಥೆ, ಅಡುಗೆಗೆ ಪ್ರತ್ಯೇಕ ಜಾಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಮೂರು ವರ್ಷಕ್ಕಿಂತ ಕೆಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ನೋಡಿಕೊಳ್ಳುವವರು ಇರಬೇಕು. ಯಾವ ಗಳಿಗೆಯಲ್ಲಿಯೂ ಮಕ್ಕಳನ್ನು ಒಂಟಿಯಾಗಿ ಬಿಡಕೂಡದು. ಖಾಸಗಿ ಪ್ಲೇ ಸ್ಕೂಲುಗಳಿಗಾಗಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಮಾರ್ಗಸೂಚಿ ರಚಿಸಿದೆ. ಆದರೆ ನೀತಿ ಎಂಬುದು ಕಾನೂನಲ್ಲ, ಮಾರ್ಗಸೂಚಿ ಎಂಬುದು ಆದೇಶವಲ್ಲ. ಅವುಗಳನ್ನು ಹಿಡಿದುಕೊಂಡು ಕೇಂದ್ರದ ಬಾಗಿಲಿಗೆ ಹೋಗುವ ಅಧಿಕಾರಿ ಯಾರೆಂಬುದು ನಿಶ್ಚಯವಾಗದ ಹೊರತು ಅವು ಕಡತದೊಳಗಿನ ಕಾಗದಗಳಷ್ಟೇ.

ನಮ್ಮ ರಾಜ್ಯದ ವ್ಯವಸ್ಥೆಯನ್ನೇ ಗಮನಿಸಿ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು. ಶಾಲೆಗೆ ಅಂಟಿಕೊಂಡ ನರ್ಸರಿಯ ಮಾನ್ಯತೆ ಶಿಕ್ಷಣ ಇಲಾಖೆಯದ್ದು. ಕಟ್ಟಡ ನಗರಸಭೆಯದ್ದು, ಬೆಂಕಿ ಅಗ್ನಿಶಾಮಕ ಇಲಾಖೆಯದ್ದು, ಆಹಾರ ಇನ್ನೊಂದು ಇಲಾಖೆಯದ್ದು. ಮಗು ಮಾತ್ರ ಯಾರದ್ದೂ ಅಲ್ಲ. ಊರಿನಲ್ಲಿ ಒಂದು ಚಹಾದ ಹೋಟೆಲು ತೆರೆಯಬೇಕಾದರೂ ಆಹಾರ ಸುರಕ್ಷತೆಯ ಕಾನೂನಿನಂತೆ ನೋಂದಣಿ ಬೇಕು. ಹೆತ್ತವರು ತಮ್ಮ ಕರುಳಕುಡಿಯನ್ನು ಒಪ್ಪಿಸಿ ಹೋಗುವ ಜಾಗಕ್ಕೆ ಅಷ್ಟೂ ಬೇಡವೇ?

ಇಲ್ಲಿ ಸರಕಾರ ಮೊದಲು ತನ್ನ ಅಂಗಳವನ್ನು ನೋಡಿಕೊಳ್ಳಬೇಕಾಗಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅವುಗಳಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಬಡವರ ಮಕ್ಕಳ ಹೊಟ್ಟೆಗೆ ಒಂದು ಮೊಟ್ಟೆ, ಒಂದು ಲೋಟ ಹಾಲು ಸಿಗುವಂತೆ ಮಾಡಿದ ಈ ಕೇಂದ್ರಗಳ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೆ ನಗರ ಪ್ರದೇಶದ ಅಂಗನವಾಡಿಗಳಲ್ಲಿ ಹಲವು ಇಂದಿಗೂ ಬಾಡಿಗೆಯ ಕೋಣೆಗಳಲ್ಲಿವೆ. ಅದೇ ಕೋಣೆಯಲ್ಲಿ ಪಾಠ, ಅಲ್ಲಿಯೇ ಅಡುಗೆ, ಅಲ್ಲಿಯೇ ನಿದ್ದೆ. ಗ್ಯಾಸ್ ಸಿಲಿಂಡರಿಗೂ ಮಗುವಿನ ಚಾಪೆಗೂ ನಡುವೆ ಗೋಡೆ ಇಲ್ಲ. ಅಲ್ಲಿನ ಕಾರ್ಯಕರ್ತೆ ಗೌರವಧನಕ್ಕೆ ದುಡಿಯುವವಳು. ಮಕ್ಕಳನ್ನು ನೋಡಿಕೊಳ್ಳುವುದರ ಜೊತೆಗೆ ಸಮೀಕ್ಷೆ, ಮತದಾರರ ಪಟ್ಟಿ, ಮೊಬೈಲಿನಲ್ಲಿ ಮಾಹಿತಿ ತುಂಬುವ ಕೆಲಸ ಎಲ್ಲವೂ ಅವಳ ಹೆಗಲಿಗೆ. ಮೇಲ್ವಿಚಾರಕಿ ಬಂದಾಗ ನೋಡುವುದು ಹೆಚ್ಚಾಗಿ ದಾಖಲೆ ಪುಸ್ತಕಗಳನ್ನು. ಎಷ್ಟು ಮಕ್ಕಳ ತೂಕ ಬರೆಯಲಾಗಿದೆ, ಎಷ್ಟು ಕಿಲೋ ಅಕ್ಕಿ ಉಳಿದಿದೆ ಎಂಬುದು ಮುಖ್ಯವೇ. ಆದರೆ ಸಂಪಿಗೆ ಮುಚ್ಚಳ ಇದೆಯೇ, ಸ್ವಿಚ್ಚು ಮಗುವಿನ ಕೈಗೆಟಕುತ್ತದೆಯೇ, ಫಿನಾಯಿಲಿನ ಬಾಟಲಿ ಎಣ್ಣೆಯ ಡಬ್ಬಿಯ ಪಕ್ಕದಲ್ಲಿದೆಯೇ, ಮಳೆಗೆ ತಾರಸಿಯ ಗಾರೆ ಉದುರುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಆ ಪುಸ್ತಕದಲ್ಲಿ ಅಂಕಣವಿದೆಯೇ? ಲೋಪ ಕಂಡುಬಂದರೆ ಕಾರ್ಯಕರ್ತೆಗೆ ನೋಟೀಸು ಕೊಡುವುದು ಸುಲಭ. ಗೋಡೆ ಕಟ್ಟಿಸಲು ಹಣ ಕೊಡುವುದು ಕಷ್ಟ. ತನ್ನ ಕಟ್ಟಡ ಸೋರುತ್ತಿರುವಾಗ ಖಾಸಗಿಯವರ ಚಾವಣಿಯನ್ನು ಪ್ರಶ್ನಿಸುವ ನೈತಿಕ ಹಕ್ಕು ಸರಕಾರಕ್ಕೆ ಎಲ್ಲಿಂದ ಬರಬೇಕು?

ಖಾಸಗಿ ಕೇಂದ್ರಗಳ ಕಥೆ ಇನ್ನೊಂದು ಬಗೆಯದು. ಅಲ್ಲಿ ಗೋಡೆಗೆ ಬಣ್ಣವಿದೆ, ಬಾಗಿಲಲ್ಲಿ ಗೊಂಬೆಯ ಚಿತ್ರವಿದೆ, ಮಗುವಿನ ಕೊರಳಿಗೆ ಗುರುತು ಚೀಟಿ ಇದೆ. ಹೆತ್ತವರು ನೋಡುವುದು ಇಷ್ಟನ್ನೇ. ಇಂಗ್ಲಿಷ್ ಪದ್ಯ ಹೇಳಿಸುತ್ತಾರೆಯೇ ಎಂದು ಕೇಳುವ ತಂದೆ, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೊರತರುತ್ತೀರಿ ಎಂದು ಕೇಳುವುದಿಲ್ಲ. ಶುಲ್ಕದಲ್ಲಿ ಚೌಕಾಶಿ ಮಾಡುವ ನಾವು ಮೂವತ್ತು ಮಕ್ಕಳಿಗೆ ಎಷ್ಟು ಮಂದಿ ಆಯಾಗಳಿದ್ದಾರೆ ಎಂದು ಎಣಿಸುವುದಿಲ್ಲ.

ಇನ್ನು ಸಮುದಾಯದ ಹೆಸರಿನಲ್ಲಿ ನಡೆಯುವ ಸಂಸ್ಥೆಗಳು. ಜಮಾಅತ್ ಸಮಿತಿಗಳು, ಟ್ರಸ್ಟುಗಳು, ಸೇವಾ ಸಂಘಗಳು ಪಟ್ಟಣಗಳಲ್ಲಿ ನರ್ಸರಿಗಳನ್ನು ತೆರೆದು ಕಡಿಮೆ ಶುಲ್ಕದಲ್ಲಿ ನಡೆಸುತ್ತಿರುವುದು ಶ್ಲಾಘನೀಯ. ಆದರೆ ಸೇವೆ ಎಂಬ ಕಾರಣಕ್ಕೆ ಸುರಕ್ಷತೆಯಲ್ಲಿ ರಿಯಾಯಿತಿ ಪಡೆಯುವಂತಿಲ್ಲ. ಸಭಾಂಗಣದ ಮೇಲಂತಸ್ತಿನಲ್ಲಿ ತಗಡಿನ ಶೀಟು ಹೊದಿಸಿ, ಒಂದೇ ಮೆಟ್ಟಿಲಿಟ್ಟು, ಅಲ್ಲಿ ಪುಟ್ಟ ಮಕ್ಕಳನ್ನು ಕೂರಿಸುವವರಿಗೆ ಕುಂಭಕೋಣಂ ನೆನಪಾಗಬೇಕು. ಇಂಥ ಕೊರತೆಯನ್ನು ಎತ್ತಿ ತೋರಿಸಿದವರನ್ನು ಸಂಸ್ಥೆಯ ವಿರೋಧಿಗಳೆಂದು ಬಗೆಯುವ ಮನೋಭಾವವೂ ನಮ್ಮಲ್ಲಿದೆ. ಪ್ರಶ್ನಿಸುವವರು ಸಂಸ್ಥೆಯ ಶತ್ರುಗಳಲ್ಲ. ಮುಚ್ಚಿಡುವವರೇ ಅದರ ನಿಜವಾದ ಶತ್ರುಗಳು.

ತಪಾಸಣೆಯ ಬಗ್ಗೆ ಒಂದು ಆತಂಕವೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. ತಪಾಸಣೆ ಎಂದರೆ ಲಂಚಕ್ಕೆ ಇನ್ನೊಂದು ದಾರಿ ಎಂದು ಕೆಲವರು ಹೇಳುತ್ತಾರೆ. ಬೇಡವಾದವರ ಸಂಸ್ಥೆಗಳನ್ನಷ್ಟೇ ಆಯ್ದು ಕಿರುಕುಳ ಕೊಡಲು ಅದನ್ನು ಬಳಸಬಹುದೆಂಬ ಭಯ ಇನ್ನು ಕೆಲವರದ್ದು. ಆದರೆ ಇದಕ್ಕೆ ಪರಿಹಾರ ತಪಾಸಣೆಯನ್ನೇ ಬೇಡವೆನ್ನುವುದಲ್ಲ. ನಿಯಮ ಗುಟ್ಟಾಗಿದ್ದು ವರದಿ ಅಧಿಕಾರಿಯ ಕಪಾಟಿನಲ್ಲಿದ್ದಾಗಲೇ ಲಂಚಕ್ಕೂ ಪಕ್ಷಪಾತಕ್ಕೂ ಅವಕಾಶ. ಏನನ್ನು ನೋಡಲಾಗುತ್ತದೆ ಎಂಬ ಪಟ್ಟಿ ಎಲ್ಲರಿಗೂ ತಿಳಿದಿದ್ದು, ಎಲ್ಲ ಕೇಂದ್ರಗಳಿಗೂ ಅದು ಒಂದೇ ಆಗಿದ್ದು, ವರದಿ ಬಾಗಿಲಲ್ಲಿ ತೂಗುತ್ತಿದ್ದರೆ ಅಧಿಕಾರಿಯೂ ಅಂಕೆಯಲ್ಲಿರುತ್ತಾನೆ, ನಡೆಸುವವರೂ ಎಚ್ಚರದಲ್ಲಿರುತ್ತಾರೆ. ಇಂಗ್ಲೆಂಡಿನಲ್ಲಿ ಆಫ್‌ಸ್ಟೆಡ್ ಎಂಬ ಸಂಸ್ಥೆ ನರ್ಸರಿಗಳನ್ನು ಪರಿಶೀಲಿಸಿ ವರದಿಯನ್ನು ಪ್ರಕಟಿಸುತ್ತದೆ. ಹೆತ್ತವರು ಮಗುವನ್ನು ಸೇರಿಸುವ ಮುನ್ನ ಅದನ್ನು ಓದಬಹುದು. ನಮ್ಮಲ್ಲಿ ಅಷ್ಟು ದೊಡ್ಡ ಸಂಸ್ಥೆ ಕಟ್ಟುವುದು ಸದ್ಯಕ್ಕೆ ಆಗದಿರಬಹುದು. ಆದರೆ ಒಂದು ಪುಟದ ವರದಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ.

ಆದ್ದರಿಂದ ಆಗಬೇಕಾದದ್ದು ಇಷ್ಟು. ಆರು ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿಯೊಂದು ಕೇಂದ್ರ, ಅದರ ಹೆಸರು ಏನೇ ಇರಲಿ, ಕಡ್ಡಾಯವಾಗಿ ನೋಂದಣಿಯಾಗಬೇಕು. ತಾಲೂಕಿಗೆ ಒಬ್ಬ ಅಧಿಕಾರಿಯಾದರೂ ಇದಕ್ಕೆ ಹೊಣೆಗಾರರಾಗಿರಬೇಕು. ಮುಂಚಿತವಾಗಿ ತಿಳಿಸಿ ಬರುವ ತಪಾಸಣೆಗೆ ಕೇಂದ್ರ ಸಿಂಗಾರಗೊಳ್ಳುತ್ತದೆಯೇ ಹೊರತು ಸುಧಾರಿಸುವುದಿಲ್ಲ. ಆದ್ದರಿಂದ ಹೇಳದೆ ಬರುವ ಭೇಟಿಗಳು ಇರಬೇಕು. ಲೋಪ ಕಂಡ ಕೂಡಲೇ ಬೀಗ ಜಡಿಯುವುದೂ ಸರಿಯಲ್ಲ. ಬೀಗ ಬಿದ್ದರೆ ಬೀಡಿ ಕಟ್ಟುವ, ಗಾರ್ಮೆಂಟ್ಸ್‌ಗೆ ಹೋಗುವ, ಮನೆಗೆಲಸ ಮಾಡುವ ತಾಯಿ ಮಗುವನ್ನು ಎಲ್ಲಿ ಬಿಡಬೇಕು? ಜೀವಕ್ಕೆ ತಕ್ಷಣದ ಅಪಾಯವಿದ್ದರೆ ಮಕ್ಕಳನ್ನು ಬೇರೆಡೆಗೆ ಸಾಗಿಸಬೇಕು. ಉಳಿದದ್ದಕ್ಕೆ ಗಡುವು ಕೊಡಬೇಕು, ಬಡ ಕೇಂದ್ರಗಳಿಗೆ ದುರಸ್ತಿಯ ಹಣ ಕೊಡಬೇಕು, ಗಡುವು ಮೀರಿದವರ ಮೇಲೆ ಮುಲಾಜಿಲ್ಲದೆ ಕ್ರಮ ಜರಗಿಸಬೇಕು.

ಹೆತ್ತವರ ಪಾಲೂ ಇದರಲ್ಲಿ ಸಣ್ಣದಲ್ಲ. 50 ಮಂದಿ ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ವಿಧಿಸಿದ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಭೇಟಿ ನೀಡುವ ಅವಕಾಶವನ್ನೂ ಕೊಟ್ಟಿತು. ಮಗುವಿಗೆ ಹಾಲೂಡಿಸಲು ಬರುವ ತಾಯಿಗಿಂತ ದೊಡ್ಡ ತಪಾಸಣಾಧಿಕಾರಿ ಇನ್ನಾರಿದ್ದಾರೆ? ಈ ಅವಕಾಶ ಎಲ್ಲ ಕೇಂದ್ರಗಳಲ್ಲಿಯೂ ಇರಬೇಕು. ಹೆತ್ತವರಿಗೆ ಬಾಗಿಲು ಮುಚ್ಚುವ ಕೇಂದ್ರದ ಮೇಲೆ ಮೊದಲು ಸಂಶಯಪಡಬೇಕು. ಅಂಗನವಾಡಿಗಳಲ್ಲಿ ಬಾಲವಿಕಾಸ ಸಮಿತಿಗಳಿವೆ. ಅವು ಸಹಿ ಹಾಕುವ ಸಮಿತಿಗಳಾಗದೆ ನೋಡುವ, ಕೇಳುವ ಸಮಿತಿಗಳಾಗಬೇಕು. ತಿಂಗಳಿಗೊಮ್ಮೆ ಇಬ್ಬರು ತಾಯಂದಿರು ಹೋಗಿ ಅಡುಗೆ ಕೋಣೆ, ನೀರಿನ ತೊಟ್ಟಿ, ಶೌಚಾಲಯ, ಹೊರಬಾಗಿಲುಗಳನ್ನು ನೋಡಿ ಬರಲು ಯಾರ ಅನುಮತಿಯೂ ಬೇಕಿಲ್ಲ.

ದುರಂತ ನಡೆದ ಮರುದಿನ ನಾವೆಲ್ಲರೂ ತಪಾಸಣಾಧಿಕಾರಿಗಳಾಗುತ್ತೇವೆ. ಮಂತ್ರಿಗಳು ಧಾವಿಸುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ, ರಾಜ್ಯದ ಎಲ್ಲ ಶಾಲೆಗಳನ್ನು ಪರಿಶೀಲಿಸಲು ಆದೇಶ ಹೊರಡುತ್ತದೆ. ಕೆಲವು ವಾರಗಳಲ್ಲಿ ಎಲ್ಲವೂ ತಣ್ಣಗಾಗುತ್ತದೆ, ಇನ್ನೊಂದು ಊರಿನ ಹೆಸರು ಪತ್ರಿಕೆಯಲ್ಲಿ ಬರುವವರೆಗೆ. ಆ ಊರು ನಮ್ಮದಾಗದಿರಬೇಕಾದರೆ, ನಾಳೆ ಬೆಳಿಗ್ಗೆ ಮಗುವನ್ನು ಬಿಡಲು ಹೋದಾಗ ಬಾಗಿಲಲ್ಲೇ ಕೈಬೀಸಿ ಮರಳದೆ ಒಮ್ಮೆ ಒಳಗೆ ಕಾಲಿಡೋಣ. ಆ ಮಗು ಕೇಳಲಾರದ ಪ್ರಶ್ನೆಗಳನ್ನು ಅದರ ಪರವಾಗಿ ನಾವು ಕೇಳೋಣ.